ಇಂದೋರ್‌ಗೆ ಕಳಿಸದ ಮಗಳು

ನನ್ನ ಗಂಡನನ್ನು ಬಹುವಚನದಲ್ಲಿ ಕರೆಯುವುದನ್ನು ನಾನು ನಿಲ್ಲಿಸಿದ್ದು ದಾದರ್ ಸ್ಟೇಷನ್ನಿನ ಸೇತುವೆಯ ಮೇಲೆ. ಅಲ್ಲಿಯವರೆಗೆ ಅವರು, ಆ ಸಂಜೆಯಿಂದ ಅವನು. ಈಗ ಇದನ್ನು ಬರೆಯುವಾಗಲೂ ಅವನೇ. ಓದುವವರಿಗೆ ಕಸಿವಿಸಿಯಾದರೆ ಆಗಲಿ.

ಆ ಹೊತ್ತಿಗೆ ಅವನನ್ನು ಬಿಟ್ಟು ಬಂದು ಕೆಲವು ತಿಂಗಳಾಗಿತ್ತು. ಭಾಂಡುಪ್‌ನಲ್ಲಿ ಅವನ ಸೋದರಮಾವನ ಹೋಟೆಲಿತ್ತು. ಗಲ್ಲಾಪೆಟ್ಟಿಗೆಯ ಹಿಂದೆ ಕೂರುತ್ತಿದ್ದವನು ಇವನು. ಒಂದು ಮಧ್ಯಾಹ್ನ ಮಗುವಿಗೆ ಮೈ ಸುಡುತ್ತಿದೆ, ಡಾಕ್ಟರ ಹತ್ತಿರ ಹೋಗೋಣ ಬನ್ನಿ ಎಂದು ಕರೆಯಲು ಹೋದೆ. ವ್ಯಾಪಾರದ ಹೊತ್ತಲ್ಲಿ ಯಾಕೆ ಬಂದೆ ಎಂದು ಎಲ್ಲರ ಎದುರು ಕೆನ್ನೆಗೆ ಬಾರಿಸಿದ. ಊಟ ಮಾಡುತ್ತಿದ್ದವರು ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ಅನ್ನ ಕಲಸತೊಡಗಿದರು. ನಾನು ಮಗುವನ್ನೆತ್ತಿಕೊಂಡು ಲೋಕಲ್ ಹತ್ತಿ, ಆಂಟಾಪ್ ಹಿಲ್‌ನ ಚಾಳಿನಲ್ಲಿದ್ದ ಅಮ್ಮನ ಒಂದೇ ಕೋಣೆಯ ಖೋಲಿಗೆ ಬಂದುಬಿಟ್ಟೆ.

ನಾವು ಉಡುಪಿಯ ಕಡೆಯ ಅಳಿಯಕಟ್ಟಿನವರು. ನಮ್ಮಲ್ಲಿ ಮನೆತನ ನಡೆಯುವುದು ಹೆಣ್ಣಿನಿಂದ. ಹುಟ್ಟಿದ ಮಗು ತಾಯಿಯ ಮನೆಗೆ ಸೇರಿದ್ದು. ಗಂಡಸಿನ ಆಸ್ತಿ ಅವನ ಮಕ್ಕಳಿಗಲ್ಲ, ಅವನ ಅಕ್ಕತಂಗಿಯರ ಮಕ್ಕಳಿಗೆ ಹೋಗುತ್ತದೆ. ಹಾಗಾಗಿ ಹೆಣ್ಣು ಗಂಡನನ್ನು ಬಿಟ್ಟು ತಾಯಿಯ ಮನೆಗೆ ಬಂದರೆ ಲೋಕವೇನೂ ಮುಳುಗುವುದಿಲ್ಲ. ಮಗು ನನ್ನದು, ಅದರಲ್ಲಿ ಮಾತೇ ಇಲ್ಲ ಎಂದು ನಾನು ನೆಮ್ಮದಿಯಾಗಿದ್ದೆ.

ಸೇತುವೆಯ ಮೇಲೆ ಅವನು ಎದುರು ಸಿಕ್ಕಿದ್ದು ಆಗಲೇ. ಜನ ನಮ್ಮಿಬ್ಬರನ್ನೂ ತಳ್ಳಿಕೊಂಡು ಹೋಗುತ್ತಿದ್ದರು.

"ಮಾವ ಇಂದೋರ್‌ನಲ್ಲಿ ಹೊಸ ಹೋಟೆಲು ಹಾಕ್ತಾರೆ. ನೋಡಿಕೊಳ್ಳುವುದು ನಾನೇ. ಮಗುವನ್ನು ಕರ್ಕೊಂಡು ಹೋಗ್ತೇನೆ" ಅಂದ.

"ಅಲ್ಲಿ ಅದಕ್ಕೆ ಜ್ವರ ಬಂದ್ರೆ ಯಾರಿಗೆ ಹೇಳ್ಬೇಕು? ಗಿರಾಕಿಗಳಿಗಾ?"

"ಬಾಯಿ ಮಾಡ್ಬೇಡ. ಇದು ಊರಲ್ಲ, ಬೊಂಬಾಯಿ. ನಿನ್ನ ಅಳಿಯಕಟ್ಟು ಇಲ್ಲಿ ನಡೆಯುದಿಲ್ಲ. ಇಲ್ಲಿ ಸರಕಾರದ ಕಾನೂನು ಉಂಟು. ಮಗು ಅಪ್ಪಂದು."

ಅವನಿಗೆ ಮಗು ಬೇಕಿರಲಿಲ್ಲ. ಅದಕ್ಕೆ ಹಾಲು ಇಷ್ಟವೋ ಗಂಜಿ ಇಷ್ಟವೋ ಅವನಿಗೆ ಗೊತ್ತಿರಲಿಲ್ಲ. ಹೆಂಡತಿ ಎದ್ದು ಹೋದಳು ಎಂದು ಜನ ನಗುತ್ತಿದ್ದರು, ಆ ನಗು ನಿಲ್ಲಿಸಲು ನನ್ನ ಕರುಳು ಕೀಳಬೇಕಿತ್ತು. ಇವನ ಸೊಕ್ಕು ಮುರಿಯದಿದ್ದರೆ ನಾನು ನನ್ನ ಅಮ್ಮನ ಮಗಳೇ ಅಲ್ಲ ಎಂದು ಅಲ್ಲೇ, ಕಂಬಿ ಹಿಡಿದು ನಿಂತು ಅಂದುಕೊಂಡೆ. ಹೆದರಿಕೆಯೂ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಸಿಟ್ಟು ಅದರ ತಲೆಯ ಮೇಲೆ ಕೂತಿತ್ತು.

ಸ್ವಲ್ಪ ದಿನದಲ್ಲೇ ಕೋರ್ಟಿನ ಸಮನ್ಸ್ ಬಂತು. ನನ್ನ ಪರ ನಿಂತ ವಕೀಲರು ಮೈಸೂರಿನ ಕಡೆಯವರು, ಮೆತ್ತಗಿನ ಮನುಷ್ಯ. ಕಾಗದಗಳನ್ನು ನೋಡಿ ತಲೆ ಕೆರೆದುಕೊಂಡರು.

"ನೋಡಮ್ಮ, ನಿನಗೆ ಸಂಬಳ ಇಲ್ಲ. ಇರೋದು ಒಂದು ಖೋಲಿ. ಆತನಿಗೆ ಹೋಟೆಲಿದೆ. ಜಡ್ಜ್ ಮುಂದೆ ನಾನು ಏನು ತೋರಿಸಲಿ ಹೇಳು?"

"ಸಂಬಳ ತೋರಿಸುವ" ಅಂದೆ. ಮಹಿಳಾ ಪೊಲೀಸರಿಗೆ ಪ್ರವೇಶ ಪರೀಕ್ಷೆಯಿದೆ ಎಂದು ಪೇಪರಿನಲ್ಲಿ ಓದಿದ್ದೆ. ಮೆಟ್ರಿಕ್ ಪಾಸಾಗಿದ್ದೆನಲ್ಲ, ಅರ್ಜಿ ಹಾಕಿಯೂ ಆಗಿತ್ತು.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಯ್ಯೋ ರಾಮ! ಬೇರೆ ಕೆಲಸ ಸಿಗಲಿಲ್ವೇನಮ್ಮ? ಟೀಚರ್ ಆಗಬಾರದೇ?"

"ಟೀಚರನ್ನು ಕಂಡ್ರೆ ಅವನಿಗೆ ಹೆದರಿಕೆ ಆಗುದಿಲ್ಲ ವಕೀಲರೇ."

ದಾದರ್‌ನಲ್ಲಿ ನಿವೃತ್ತ ಪೊಲೀಸ್ ಫೌಜದಾರರೊಬ್ಬರು ಶಾಲೆಯೊಂದರ ವರಾಂಡದಲ್ಲಿ ಬೆಳಿಗ್ಗೆ ಈ ಪರೀಕ್ಷೆಗೆ ಪಾಠ ಹೇಳುತ್ತಿದ್ದರು. ಬಿಳಿ ಮೀಸೆಯ ಮರಾಠಿ ಮನುಷ್ಯ. ಗಂಡುಹುಡುಗರ ಹಿಂದೆ ಗೋಡೆಗೆ ಒರಗಿ ನಾನು ಕೂರುತ್ತಿದ್ದೆ. ಮರಾಠಿ ನನಗೆ ಬಜಾರಿನಲ್ಲಿ ತರಕಾರಿ ಚೌಕಾಶಿ ಮಾಡುವಷ್ಟು ಬರುತ್ತಿತ್ತು, ಪರೀಕ್ಷೆಗೆ ಪ್ರಬಂಧ ಬರೆಯಬೇಕಿತ್ತು. ನನ್ನ ಮೊದಲ ಪ್ರಬಂಧ ಓದಿ ಫೌಜದಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗಲಿ ಎಂದು ಇನ್ನೊಂದು ಬರೆದೆ, ಮತ್ತೊಂದು ಬರೆದೆ. ಒಂದು ದಿನ ಅವರ ನಗು ನಿಂತಿತು.

ಎತ್ತರದ್ದು ಇನ್ನೊಂದು ಗೋಳು. ನಾನು ಬೇಕಾದ ಗೆರೆಗೆ ಸರಿಯಾಗಿ ತಾಗಿಯೂ ತಾಗದ ಹಾಗಿದ್ದೆ. ಅಮ್ಮ ದಿನಾ ಎದ್ದ ಕೂಡಲೇ ನನ್ನನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ನೋಡಿ, "ಬೆಳೆಯಲಿಲ್ಲ ಮಾರಾಯ್ತಿ" ಎಂದು ಒಳಗೆ ಹೋಗುತ್ತಿದ್ದಳು. ಮಗಳಿಗೆ ಅದೊಂದು ಆಟ, ಅವಳೂ ಪಕ್ಕದಲ್ಲಿ ತುದಿಗಾಲಲ್ಲಿ ನಿಲ್ಲುತ್ತಿದ್ದಳು. ಓಟ ಮಾತ್ರ ನನಗೆ ಕಷ್ಟವಾಗಲಿಲ್ಲ. ಸೀರೆ ಕಚ್ಚೆ ಹಾಕಿ ಮೈದಾನದಲ್ಲಿ ಓಡುವಾಗ ಮುಂದೆ ಅವನೇ ಓಡುತ್ತಿದ್ದಾನೆ, ಕೈ ಚಾಚಿದರೆ ಅಂಗಿಯ ಕಾಲರ್ ಸಿಗುತ್ತದೆ ಅಂದುಕೊಳ್ಳುತ್ತಿದ್ದೆ. ಹಾಗೆ ಓಡಿದರೆ ಏದುಸಿರೇ ಬರುತ್ತಿರಲಿಲ್ಲ.

ಫೌಜದಾರರು ಪುಸ್ತಕದಲ್ಲಿಲ್ಲದ್ದನ್ನೂ ಹೇಳಿಕೊಡುತ್ತಿದ್ದರು. ಒಮ್ಮೆ ವಿಚಾರಣೆಯ ಮಾತು ಬಂದಾಗ ನನ್ನ ಕಡೆ ತಿರುಗಿ ಅಂದರು: "ಪೋರಿ, ತಪ್ಪು ಮಾಡಿದವನಿಗೆ ತಪ್ಪಿನ ಬಗ್ಗೆ ಕೇಳಬೇಡ, ಸುಳ್ಳು ಹೇಳುತ್ತಾನೆ. ಯಾವುದರ ಬಗ್ಗೆ ಅವನಿಗೆ ಜಂಬವೋ ಅದನ್ನು ಕೇಳು. ಅಲ್ಲಿ ನಿಜ ಹೇಳದೆ ಅವನಿಂದ ಇರಲಾಗುವುದಿಲ್ಲ." ಮನೆಗೆ ಹೋಗುವ ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಅದೇ ಓಡುತ್ತಿತ್ತು. ನನ್ನ ಗಂಡನಿಗೆ ಯಾವುದರ ಜಂಬ? ಚಾಳಿನ ಮೆಟ್ಟಿಲು ಹತ್ತುವಷ್ಟರಲ್ಲಿ ಉತ್ತರ ಸಿಕ್ಕಿತ್ತು. ಖುಷಿಗೆ ಅಮ್ಮನನ್ನು ಅಪ್ಪಿಕೊಂಡೆ. "ಎಂತ, ಬೆಳೆದೆಯಾ?" ಎಂದು ಕೇಳಿದಳು.

ಲಿಖಿತ ಪರೀಕ್ಷೆ ಮುಗಿದು ಫಲಿತಾಂಶ ಬರುವ ಮೊದಲೇ ಕೋರ್ಟಿನಲ್ಲಿ ಹೇಳಿಕೆಯ ದಿನ ಬಂತು. ಅವನ ವಕೀಲ ನನ್ನ ಪರೀಕ್ಷೆಯನ್ನೇ ಹಿಡಿದುಕೊಂಡ. ಲಾಠಿ ಹಿಡಿದು ಬೀದಿ ಸುತ್ತುವ ಹೆಂಗಸು, ಕಳ್ಳರ ನಡುವೆ ಕೆಲಸ ಮಾಡುವವಳು ಹೆಣ್ಣುಮಗುವನ್ನು ಬೆಳೆಸುವುದುಂಟೇ, ತಂದೆ ಇಂದೋರ್‌ನಲ್ಲಿ ದೊಡ್ಡ ಮನೆ ಹಿಡಿದಿದ್ದಾನೆ ಎಂದೆಲ್ಲ ರಾಗ ಎಳೆದ. ಜಡ್ಜ್ ತಲೆಯಾಡಿಸುತ್ತಾ ಬರೆದುಕೊಳ್ಳುತ್ತಿದ್ದರು. ಆ ತಲೆಯಾಡುವುದನ್ನು ನೋಡಿ ನನಗೆ ಮಗಳು ಹೋದಳು ಅನ್ನಿಸಿತು.

ಮೊದಲ ಸಾಲಿನ ಬೆಂಚಿನಲ್ಲಿ ಅವನ ಸೋದರಮಾವ ಜರಿ ಶಾಲು ಹೊದ್ದು ಕೂತಿದ್ದರು. ಅವರ ಆಚೀಚೆ ಅವರ ಸ್ವಂತ ಗಂಡುಮಕ್ಕಳಿಬ್ಬರು. ನಾನು ನಮ್ಮ ವಕೀಲರ ಕಿವಿಯಲ್ಲಿ ಕೇಳಬೇಕಾದ ಪ್ರಶ್ನೆ ಹೇಳಿದೆ. "ಇದನ್ನು ಕೇಳಿ ಏನಾಗಬೇಕಮ್ಮ?" ಅಂದರು. "ಕೇಳಿ ಸ್ವಾಮಿ, ದಮ್ಮಯ್ಯ" ಅಂದೆ.

ಅವರು ಎದ್ದು ನಿಂತು, ಕಟಕಟೆಯಲ್ಲಿದ್ದ ನನ್ನ ಗಂಡನನ್ನು ಅಳುಕುತ್ತಲೇ ಕೇಳಿದರು. "ನಿಮ್ಮ ಮಾವನವರ ಹೋಟೆಲುಗಳು ಮುಂದೆ ಯಾರಿಗೆ ಸೇರುತ್ತವೆ? ಅವರ ಮಕ್ಕಳಿಗೋ?"

ಅವನ ವಕೀಲ ತಡೆಯಲು ಎದ್ದ. ಆದರೆ ನನ್ನ ಗಂಡ ನಿಲ್ಲುವವನೇ? ಮನೆತನದ ಹಣದಲ್ಲಿ ಎದ್ದ ಆ ಹೋಟೆಲುಗಳಿಗಾಗಿ ಮಾವನ ಮಕ್ಕಳ ಜೊತೆ ಅವನು ವರ್ಷಗಳಿಂದ ಹಲ್ಲು ಕಡಿಯುತ್ತಿದ್ದ. ಆ ಮಕ್ಕಳು ಎದುರಿಗೇ ಕೂತಿದ್ದರು. ಮಾವ ಕಣ್ಣು ಕಿರಿದು ಮಾಡಿ ಇವನನ್ನೇ ನೋಡುತ್ತಿದ್ದರು.

"ನನಗೆ!" ಅಂದ, ಎದೆ ಸೆಟೆಸಿ. "ಸೋದರಳಿಯ ನಾನು. ನಮ್ಮಲ್ಲಿ ಅಪ್ಪನ ಮನೆಗೂ ಮಕ್ಕಳಿಗೂ ಸಂಬಂಧ ಇಲ್ಲ. ಮಕ್ಕಳು ಯಾವತ್ತಿದ್ದರೂ ತಾಯಿಯ ಮನೆಯವರು."

ದುಭಾಷಿ ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದ. ಜಡ್ಜ್ ಪೆನ್ನು ಕೆಳಗಿಟ್ಟರು. ನಮ್ಮ ಮೆತ್ತಗಿನ ವಕೀಲರಿಗೆ ಆಗ ಜೀವ ಬಂತು. "ಹಾಗಾದರೆ ನಿಮ್ಮ ಮಗಳು ಯಾರ ಮನೆಯವಳು?" ಎಂದು ಕೇಳಿದರು.

ಅವನು ಮಾವನ ಮುಖ ನೋಡಿದ. ತಾಯಿಯ ಮನೆಯವಳು ಅಂದರೆ ಮಗಳು ಹೋದಳು. ತನ್ನವಳು ಅಂದರೆ ಅದೇ ಮಾತನ್ನು ಮಾವನ ಮಕ್ಕಳು ಹಿಡಿದುಕೊಳ್ಳುತ್ತಾರೆ, ಹೋಟೆಲು ಹೋಯಿತು. ಗಂಟಲು ಸರಿಮಾಡಿಕೊಂಡ, ಕರ್ಚೀಫು ತೆಗೆದ, ಬೆವರು ಒರೆಸಿದ. ಆಹಾ, ಆ ಮುಖ! ಅಂದು ಕೆನ್ನೆಗೆ ಬಿದ್ದ ಪೆಟ್ಟಿನ ಉರಿ ಅಷ್ಟು ಹೊತ್ತಿಗೆ ಆರಿತು. ಕೊನೆಗೆ ಏನೂ ಹೇಳದೆ ಕಟಕಟೆಯಿಂದ ಇಳಿದ.

ಕಾನೂನು ಕಾನೂನೇ, ಸಮುದಾಯದ ಕಟ್ಟಳೆ ನೋಡಿ ತಾನು ತೀರ್ಪು ಕೊಡುವುದಿಲ್ಲ ಎಂದು ಜಡ್ಜ್ ಹೇಳಿದರು. ಆದರೆ ಮಗಳು ಯಾರವಳು ಎಂಬ ಪ್ರಶ್ನೆಗೆ ಹೋಟೆಲಿನ ಮುಖ ನೋಡಿ ಸುಮ್ಮನಾಗುವ ತಂದೆಯ ಜೊತೆ ಇಷ್ಟು ಚಿಕ್ಕ ಮಗುವನ್ನು ಪರಊರಿಗೆ ಕಳಿಸಲಾಗದು ಎಂದರು. ಮಗಳು ನನ್ನ ಬಳಿಯೇ ಇರಬೇಕೆಂದಾಯಿತು. ಅವನು ಬೊಂಬಾಯಿಗೆ ಬಂದಾಗ, ಮರ್ಯಾದಸ್ಥ ಜಾಗದಲ್ಲಿ, ನನ್ನ ಎದುರಿಗೆ ಮಗುವನ್ನು ನೋಡಬಹುದು. ಜಾಗ ಯಾವುದೆಂದು ತಾಯಿ ಹೇಳಬೇಕು.

ಇಷ್ಟಕ್ಕೇ ನಾನು ಬಿಡಬಹುದಿತ್ತು. ಅಮ್ಮನೂ ಅದನ್ನೇ ಹೇಳಿದಳು. "ಗೆದ್ದೆಯಲ್ಲ, ಇನ್ನು ಅವನ ಸುದ್ದಿ ಬಿಡು." ನನಗೆ ಬಿಡುವ ಮನಸ್ಸಿರಲಿಲ್ಲ.

ಪರೀಕ್ಷೆಯಲ್ಲಿ ಪಾಸಾದೆ. ತರಬೇತಿ ಮುಗಿದು ಉಪನಗರದ ಒಂದು ಠಾಣೆಗೆ ಹಾಕಿದರು. ಮಗಳನ್ನು ನೋಡಲು ಬರುತ್ತೇನೆ ಎಂದು ಅವನು ವಕೀಲರ ಮೂಲಕ ಹೇಳಿ ಕಳಿಸಿದಾಗ ಠಾಣೆಯ ವಿಳಾಸವನ್ನೇ ಕೊಟ್ಟೆ. ಪೊಲೀಸ್ ಠಾಣೆಗಿಂತ ಮರ್ಯಾದಸ್ಥ ಜಾಗ ಇನ್ನೆಲ್ಲಿ?

ಅವನು ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಪೇಡೆಯ ಪೊಟ್ಟಣ. ನಾನು ಸಮವಸ್ತ್ರದ ಸೀರೆಯಲ್ಲಿ ಮೇಜಿನ ಪಕ್ಕ ನಿಂತಿದ್ದೆ. ಹಿಡಿದು ತಂದವರನ್ನು ಕೂರಿಸುವ ಬೆಂಚಿತ್ತು, ಅದನ್ನೇ ತೋರಿಸಿದೆ. ಒಬ್ಬ ಜೇಬುಗಳ್ಳನ ಪಕ್ಕ ಮುದುಡಿ ಕೂತ. ಅಮ್ಮ ಮಗಳ ಕೈ ಹಿಡಿದು ಕರೆತಂದಳು. ಅವನು ಪೊಟ್ಟಣ ಬಿಚ್ಚಿ, "ಬಾ ಮಗಾ" ಎಂದು ಕೈ ಚಾಚಿದ.

ಮಗಳು ಜೇಬುಗಳ್ಳನನ್ನು ನೋಡಿದಳು, ಅಪ್ಪನನ್ನು ನೋಡಿದಳು. ನನ್ನ ಸೆರಗು ಗಟ್ಟಿಯಾಗಿ ಹಿಡಿದುಕೊಂಡು ಠಾಣೆಗೆಲ್ಲ ಕೇಳುವ ಹಾಗೆ ಕೇಳಿದಳು: "ಅಮ್ಮಾ, ಅಪ್ಪ ಏನು ಚೋರಿ ಮಾಡಿದ್ದು?"

ಹವಾಲ್ದಾರರು ನಕ್ಕರು. ಜೇಬುಗಳ್ಳನೂ ನಕ್ಕ. ನನ್ನ ಗಂಡ ನನ್ನ ಮುಖ ನೋಡಿದ. ಏನೂ ಇಲ್ಲ ಅಂತ ಹೇಳು ಎಂದು ಬೇಡುವ ನೋಟ ಅದು. ನಾನು ಬಾಯಿ ಬಿಡಲಿಲ್ಲ. ಅವನು ಪೇಡೆಯನ್ನು ಬೆಂಚಿನ ಮೇಲೇ ಬಿಟ್ಟು ಎದ್ದು ಹೋದ. ಮತ್ತೆಂದೂ ಬರಲಿಲ್ಲ.

ಮಗಳಿಗೆ ಈಗ ಮೊಮ್ಮಕ್ಕಳಾಗುವ ವಯಸ್ಸು. ಅಪ್ಪನ ಮಾತು ಬಂದರೆ ಇಂದಿಗೂ ದನಿ ತಗ್ಗಿಸಿ ಮಾತಾಡುತ್ತಾಳೆ, ಮನೆಯಲ್ಲೊಬ್ಬರು ಜೈಲಿಗೆ ಹೋಗಿದ್ದ ಹಾಗೆ. ಅವನು ಏನೂ ಕದ್ದಿರಲಿಲ್ಲ ಎಂದು ನಾನು ಅವಳಿಗೆ ಇನ್ನೂ ಹೇಳಿಲ್ಲ.