ಕರಡಿಗೆ ಕಳೆದ ಪ್ರವಾಸ

ಕಾರಿನ ಹಾರನ್ನಿನ ರಬ್ಬರ್ ಬುಡ್ಡೆಯ ಕುತ್ತಿಗೆಗೆ ದಾರ ಎರಡು ಸುತ್ತು ಸುತ್ತಿತ್ತು. ದಾರದ ತುದಿಯಲ್ಲಿ ಸಣ್ಣ ನಿಂಬೆಹಣ್ಣಿನ ಗಾತ್ರದ ಬೆಳ್ಳಿ ಕರಡಿಗೆ ತೂಗುತ್ತಿತ್ತು. ತಿರುವು ಬಂದಾಗಲೆಲ್ಲ ಅದು ಬಾಗಿಲಿನ ತಗಡಿಗೆ ಬಡಿದು ಟಿಣ್ ಎನ್ನುತ್ತಿತ್ತು.

ಕರಡಿಗೆಯೊಳಗೆ ಇದ್ದದ್ದು ನನ್ನ ಗಂಡನ ಇಷ್ಟಲಿಂಗ. ಅದು ಇರಬೇಕಾದದ್ದು ಅವರ ಕೊರಳಲ್ಲಿ. ಹಾರನ್ನಿನ ಮೇಲೆ ಯಾಕಿತ್ತು ಎಂದರೆ, ಅವರಿಗೆ ಹಸಿವಾಗಿತ್ತು.

ನಮಗೆ ಮದುವೆಯಾಗಿ ಎಂಟು ತಿಂಗಳಾಗಿತ್ತು. ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ, ಪೆಟ್ರೋಲು ಕೇಳಿದಷ್ಟು ಸಿಗುತ್ತಿತ್ತು. ಚಿಕ್ಕಮಗಳೂರಿನಲ್ಲಿ ಮಾವನವರದು ಮೆಣಸು, ಏಲಕ್ಕಿಯ ಮಂಡಿ. ಮನೆಯಲ್ಲಿ ಹದಿನಾಲ್ಕು ಜನ. ಗಂಡ ಹೆಂಡತಿ ಹಗಲು ಹೊತ್ತು ಮಾತಾಡಿಕೊಳ್ಳುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಊಟಕ್ಕೆ ಕರೆಯಬೇಕೆಂದರೆ ನಾನು ಗೋಡೆಗೆ ಹೇಳುತ್ತಿದ್ದೆ, ಯಾರಾದರೂ ಕೇಳಿಸಿಕೊಂಡು ತಲುಪಿಸುತ್ತಿದ್ದರು. ಮೈಸೂರಿನಲ್ಲಿ ತರ್ಕಶಾಸ್ತ್ರ ಓದಿ ಬಿ.ಎ. ಮಾಡಿದವಳು ನಾನು. ಪೂರ್ತಿ ವಾಕ್ಯವೊಂದನ್ನು ನೇರವಾಗಿ ಗಂಡನಿಗೆ ಹೇಳಲು ನನಗಿದ್ದ ಒಂದೇ ಜಾಗ ಆ ಕಾರಿನ ಮುಂದಿನ ಸೀಟು.

ಕಾರು, ಎಸ್ಟೇಟು ಬಿಟ್ಟು ವಿಲಾಯತಿಗೆ ವಾಪಸಾದ ಬಿಳಿ ದೊರೆಯೊಬ್ಬ ಮಾರಿಹೋದದ್ದು. ತಿಂಗಳಿಗೊಮ್ಮೆ ನನ್ನ ಗಂಡ ಮೂಡಿಗೆರೆ, ಕಳಸದ ಕಡೆಯ ಬೆಳೆಗಾರರ ಮನೆಗಳಿಗೆ ಸರಕು ನೋಡಲು ಹೋಗುತ್ತಿದ್ದರು. ಜೊತೆಗೆ ನನ್ನನ್ನು ಕಳಿಸಲು ಅತ್ತೆ ಒಪ್ಪಿದ್ದೇ ಆಶ್ಚರ್ಯ. ಒಪ್ಪುವಾಗ ಹೇಳಿದ್ದರು:

"ಹೊತ್ತುಹೊತ್ತಿಗೆ ಅವನ ಪೂಜೆ ಆಗ್ಬೇಕು. ಹೋಟ್ಲು ಗೀಟ್ಲು ಅಂತ ಕಂಡೋರ ಮನೇಲಿ ಕೈ ತೊಳೆಯೋ ಹಾಗಿಲ್ಲ. ತಪ್ಪಿತೋ, ಮುಂದಿನ ಸಲದಿಂದ ಅವನೊಬ್ನೇ ಹೋಗ್ಲಿ, ನೀನು ಇಲ್ಲೇ ಇರು."

ಅವರು ಕಟ್ಟಿಕೊಟ್ಟ ಬುತ್ತಿಯನ್ನು ನಾವು ಊರ ಹೊರಗೆ ಸಿಕ್ಕ ಮೊದಲನೆಯ ಹಸುವಿಗೆ ಹಾಕುತ್ತಿದ್ದೆವು. ಆ ಹಸು ನಮ್ಮ ಕಾರಿನ ಸದ್ದು ಕೇಳಿದರೆ ಎದ್ದು ನಿಲ್ಲುತ್ತಿತ್ತು.

ನನ್ನ ಗಂಡನಿಗೆ ಲೋಕದಲ್ಲಿ ಗಂಭೀರವಾದ ವಿಷಯವೆಂದರೆ ತಿಂಡಿ. ಯಾವ ತಿರುವಿನಲ್ಲಿ ಯಾರು ಏನು ಬೇಯಿಸುತ್ತಾರೆ ಎಂಬುದು ಅವರಿಗೆ ಬಾಯಿಪಾಠ. ಆದರೆ ಲಿಂಗ ಕಟ್ಟಿದವರು ಕಂಡಕಂಡಲ್ಲಿ ಉಣ್ಣುವುದು ಹೇಗೆ? ಅದಕ್ಕೆ ಅವರೇ ಒಂದು ಉಪಾಯ ಕಂಡುಕೊಂಡಿದ್ದರು.

"ಕೊರಳಲ್ಲಿದ್ರೆ ತಾನೇ ಅದಕ್ಕೆ ಮೈಲಿಗೆ? ಇಲ್ಲಿ ಗಾಳಿಗೆ ತೂಗ್ತಾ ಇರ್ಲಿ. ಒಳಗೆ ಹೋಗಿ ಉಣ್ಣೋನು ಬರೀ ನಾನು."

"ಲಿಂಗ ತೆಗೆದಿಟ್ಟ ಮೇಲೆ ನೀವು ಯಾರು?" ಎಂದೆ.

"ಹಸಿದೋನು."

"ಯಾರಾದರೂ ಕದ್ದರೆ?"

"ಶಿವನ್ನ ಕದಿಯೋ ಎದೆ ಯಾರಿಗಿದೆ ಮಾರಾಯ್ತಿ."

ಪ್ರತಿ ಊಟಕ್ಕೂ ಬಿಚ್ಚಿ ಕಟ್ಟುವುದು ರಗಳೆಯಾಗಿ, ಊರು ದಾಟಿದ ಮೇಲೆ ಅದು ಹಾರನ್ನಿನ ಮೇಲೆಯೇ ಪ್ರಯಾಣ ಮಾಡುತ್ತಿತ್ತು. ನನ್ನದು ಮಾತ್ರ ಸೆರಗಿನ ಕೆಳಗೆ ಕೊರಳಲ್ಲೇ ಇರುತ್ತಿತ್ತು. ಭಕ್ತಿಯಿಂದಲ್ಲ, ಬೀದಿಯಲ್ಲಿ ನಿಂತು ಬಿಚ್ಚುವುದು ನನ್ನ ಸ್ವಭಾವಕ್ಕೆ ಆಗದು. ನಾನು ತಿಂದದ್ದೆಲ್ಲ ಅದಕ್ಕೆ ಗೊತ್ತಿತ್ತು. ಅದು ಏನೂ ಅನ್ನಲಿಲ್ಲ.

ಆ ಸಲ ಮೂಡಿಗೆರೆಯಲ್ಲಿ ಬೆಣ್ಣೆ ಹಾಕಿದ ದೋಸೆ ಮುಗಿಸಿ, ಮಧ್ಯಾಹ್ನ ಕೊಟ್ಟಿಗೆಹಾರದಲ್ಲಿ ಒಬ್ಬ ಅಜ್ಜಿಯ ಹುಲ್ಲಿನ ಮನೆಯ ಮುಂದೆ ನಿಲ್ಲಿಸಿದೆವು. ಅಜ್ಜಿ ಗಾಡಿಯವರಿಗೆ ಕಡುಬು ಬೇಯಿಸಿ ಹಾಕುತ್ತಿದ್ದಳು. ಅವಳ ಜಾತಿ ನಾವು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಎರಡನೆಯ ಒಲೆಯ ಮೇಲಿನ ಮಡಕೆಯಲ್ಲಿ ಏನು ಕುದಿಯುತ್ತಿತ್ತೋ ಅದರ ಕಡೆ ನಾವಿಬ್ಬರೂ ನೋಡಲಿಲ್ಲ. ಹಬೆಯಾಡುವ ಕಡುಬು, ಹಲಸಿನ ಗುಜ್ಜೆ ಪಲ್ಯ, ಕಾಯಿ ಚಟ್ನಿ, ಮೇಲೆ ಬೆಲ್ಲದ ಕಾಫಿ. ಕತ್ತಲಾಗುವ ಮುಂಚೆ ಕಳಸ ಸೇರಬೇಕಾದ್ದರಿಂದ ಕೈ ತೊಳೆದವರೇ ಹೊರಟುಬಿಟ್ಟೆವು.

ಕಳಸದಲ್ಲಿ ಇಳಿದುಕೊಂಡದ್ದು ನಮ್ಮವರೇ ಆದ ಬೆಳೆಗಾರರ ಮನೆಯಲ್ಲಿ. ಮನೆಯಾಕೆ ಬಾಗಿಲಲ್ಲೇ, "ಪೂಜೆಗೆ ನೀರಿಟ್ಟಿದೆ, ಬನ್ನಿ. ಶ್ಯಾವಿಗೆ ಒತ್ತೋದೊಂದು ಬಾಕಿ," ಎಂದರು. ನನ್ನ ಗಂಡ ಕರಡಿಗೆ ತರಲು ಕಾರಿನ ಹತ್ತಿರ ಹೋದರು. ತುಂಬ ಹೊತ್ತು ಬರಲಿಲ್ಲ. ನಾನು ಹೋಗಿ ನೋಡಿದರೆ ಅವರ ತಲೆ ಸೀಟಿನ ಅಡಿಯಲ್ಲಿತ್ತು, ಕಾಲು ಮಾತ್ರ ಹೊರಗೆ.

"ಇಲ್ಲ," ಎಂದರು.

ಹಾರನ್ನಿನ ಮೇಲೆ ದಾರವೂ ಇರಲಿಲ್ಲ. ಕೊನೆಯ ಸಲ ಎಲ್ಲಿ ಕಂಡದ್ದೆಂದು ಇಬ್ಬರಿಗೂ ನೆನಪಿಲ್ಲ. ಆ ಘಾಟಿಯ ರಸ್ತೆಯಲ್ಲಿ ನಮ್ಮ ಮಿಣುಕು ದೀಪ ಹಾಕಿಕೊಂಡು ವಾಪಸು ಹೋಗುವಂತೆಯೂ ಇರಲಿಲ್ಲ.

ನಾನು ಸ್ವಲ್ಪ ಯೋಚಿಸಿ ಹೇಳಿದೆ: "ಕರವಸ್ತ್ರದಲ್ಲಿ ಒಂದು ಅಡಿಕೆ ಕಟ್ಟಿ ಲಿಂಗದ ಹಾಗೆ ಅಂಗೈಯಲ್ಲಿಟ್ಟುಕೊಂಡು ಕೂತುಬಿಡಿ. ಕಣ್ಣು ಮುಚ್ಚಿ. ಹತ್ತು ನಿಮಿಷ ಸಾಕು."

ಅವರು ನನ್ನನ್ನು ನೋಡಿದ ರೀತಿ ಮರೆಯುವಂಥದಲ್ಲ. "ನೀನು ಬಿ.ಎ. ಓದಿದ್ದು ಇದಕ್ಕಾ?"

"ಹಾರನ್ನಿಗೆ ನೇತುಹಾಕಿದ್ದು ನಾನಲ್ಲ."

"ಅದು ಬೇರೆ."

ಅಷ್ಟು ಹೇಳಿ ಅವರು ಕಾರಿನ ಬಾಗಿಲು ಹಾಕಿದರು. ಒಳಗೆ ಬಂದು ಹೊಟ್ಟೆ ಸರಿಯಿಲ್ಲ ಎಂದರು. ಎದುರಿಗೆ ಒತ್ತು ಶ್ಯಾವಿಗೆ, ಏಲಕ್ಕಿ ಹಾಕಿದ ಕಾಯಿಹಾಲು. ಈ ಮನುಷ್ಯ ನೀರೂ ಮುಟ್ಟಲಿಲ್ಲ. ಲಿಂಗವನ್ನು ತೆಗೆದಿಟ್ಟು ಊರೂರಿನ ಒಲೆ ಹುಡುಕಿಕೊಂಡು ತಿನ್ನುತ್ತಿದ್ದವರಿಗೆ, ಲಿಂಗ ಕಳೆದ ಮೇಲೆ ಗುಟುಕು ನೀರು ಇಳಿಯಲಿಲ್ಲ. ನಾನು ಓದಿದ ತರ್ಕಶಾಸ್ತ್ರದಲ್ಲಿ ಇದಕ್ಕೆ ಅಧ್ಯಾಯವಿರಲಿಲ್ಲ.

"ಅವ್ರ ಪಾಲೂ ನೀವೇ ಮುಗಿಸ್ಬೇಕಪ್ಪ," ಎಂದು ಮನೆಯಾಕೆ ನನ್ನ ಎಲೆಗೆ ಇನ್ನೊಂದು ಹಿಡಿ ಶ್ಯಾವಿಗೆ ಹಾಕಿದರು. ಮುಗಿಸಿದೆ. ಬೆಳಿಗ್ಗೆ ಅಕ್ಕಿ ರೊಟ್ಟಿಯನ್ನೂ ಇಬ್ಬರ ಲೆಕ್ಕದಲ್ಲಿ ತಿಂದೆ.

ಸರಕು ನೋಡುವ ಕೆಲಸ ಮುಗಿಸಿ ಹೊರಡುವಾಗ ಮಧ್ಯಾಹ್ನ. ಅವರ ತುಟಿ ಒಣಗಿತ್ತು. ರಸ್ತೆಯ ಅಂಚನ್ನೇ ನೋಡುತ್ತ ನಿಧಾನವಾಗಿ ಕಾರು ಬಿಡುತ್ತಿದ್ದರು.

"ಶ್ಯಾವಿಗೆ ಹೇಗಿತ್ತು?" ಎಂದರು ಕೊನೆಗೆ.

"ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತಿತ್ತು. ಕಾಯಿಹಾಲಿನಲ್ಲಿ ಸ್ವಲ್ಪ ಎಳ್ಳೂ ಅರೆದಿದ್ದರು. ಬೆಲ್ಲ ಒಂದು ಚೂರು ಹೆಚ್ಚು, ಆದರೆ..."

"ಸಾಕು."

ಒಂದು ಮೈಲಿ ಕಳೆಯಿತು. ಆಮೇಲೆ ಹೇಳಿದರು: "ಸಿಗದಿದ್ರೆ ಅವ್ವನಿಗೆ ಹೇಳ್ಬೇಕು. ಮಠಕ್ಕೆ ಹೋಗಿ ಬೇರೆ ಕಟ್ಟಿಸ್ಕೋಬೇಕು."

"ನನ್ನನ್ನು?"

"ನಿನ್ನ ಇನ್ನು ಕಳ್ಸಲ್ಲ."

ಅದನ್ನು ಅವರು ರಸ್ತೆಗೆ ಹೇಳಿದರು. ನಾನೂ ನನ್ನ ಕಡೆಯ ಅಂಚನ್ನು ಹುಡುಕತೊಡಗಿದೆ. ಅಲ್ಲಿಯವರೆಗೆ, ನಿಜ ಹೇಳಬೇಕೆಂದರೆ, ನಾನು ಹೊರಗೆ ನೋಡುತ್ತಿದ್ದೆನೇ ಹೊರತು ಹುಡುಕುತ್ತಿರಲಿಲ್ಲ.

ಕೊಟ್ಟಿಗೆಹಾರ ಬಂತು. ಕಾರು ಕಂಡವಳೇ ಅಜ್ಜಿ ಸೊಂಟಕ್ಕೆ ಕೈಯಿಟ್ಟು ರಸ್ತೆಗೆ ಬಂದು ನಿಂತಳು.

"ಎಂತ ಸಾವ್ಕಾರ್ರೆ, ದೇವ್ರನ್ನ ಬಿಸ್ಲಲ್ಲಿ ನೇತಾಕಿ ನೀವು ನೆಳ್ಳಲ್ಲಿ ಕೂತು ಉಂಬದಾ?"

ಅವರು ಕಾರು ನಿಲ್ಲಿಸಿ ಇಳಿದರು.

"ಎಲೆ ಬಿಸಾಡಕ್ಕೆ ಬಂದೆ, ನೋಡ್ತೀನಿ, ಬೆಳ್ಳಿ ಕಾದು ಕೈ ಸುಡ್ತದೆ. ಒಳಗೆ ತಂದಿಟ್ಟೆ. ನೀವು ಹೊಂಟೇ ಹೋದ್ರಿ. ಕೂಗ್ದೆ ಕೂಗ್ದೆ. ನಿಮ್ಮ ಗಾಡಿ ಅರಚಾಟಕ್ಕೆ ನನ್ನ ಗಂಟ್ಲು ಎಲ್ಲಿ ಕೇಳ್ತದೆ ಮಾರಾಯ."

ಒಳಗೆ ಗೋಡೆಯ ಗೂಡಿನಲ್ಲಿ, ಎಣ್ಣೆ ದೀಪದ ಪಕ್ಕ, ಕರಡಿಗೆ ಕೂತಿತ್ತು. ತಲೆಯ ಮೇಲೊಂದು ಕಾಫಿ ಹೂವಿನ ಗೊಂಚಲು. ಮುಂದೆ ಬಾಳೆ ಎಲೆಯ ಚೂರಿನಲ್ಲಿ ಒಂದು ಕಡುಬು.

"ನಿನ್ನೆ ಸಂಜೆ ಒಂದು, ಇವತ್ತು ಬೆಳಿಗ್ಗೆ ಒಂದು, ಈಗೊಂದು ಇಟ್ಟೀನಿ," ಎಂದಳು ಅಜ್ಜಿ. "ತಿಂತೋ ಇಲ್ವೋ ನಾನು ನೋಡಿಲ್ಲ. ಉಂಬೋರನ್ನ ಇಣುಕಿ ನೋಡ್ಬಾರ್ದು."

ಅಂದರೆ, ಯಾವ ಮನೆಯ ಊಟ ಲಿಂಗಕ್ಕೆ ತಾಗಬಾರದೆಂದು ಇವರು ಅದನ್ನು ಹೊರಗೆ ಬಿಟ್ಟಿದ್ದರೋ, ಆ ಮನೆಯಲ್ಲೇ ಅದು ಮೂರು ಹೊತ್ತು ಉಂಡಿತ್ತು. ಇವರು ಉಪವಾಸ ಬಿದ್ದಿದ್ದರು. ನಾನು ನಕ್ಕುಬಿಟ್ಟೆ. ನಾನು ಗಟ್ಟಿಯಾಗಿ ನಗುವವಳಲ್ಲ. ಅವರು ಗಾಬರಿಯಿಂದ ತಿರುಗಿ ನೋಡಿದರು. ಆಮೇಲೆ ಬಾವಿಕಟ್ಟೆಗೆ ಹೋಗಿ ಎರಡು ಕೊಡ ನೀರು ಸುರಿದುಕೊಂಡು, ಒದ್ದೆ ಮೈಯಲ್ಲೇ ಆ ಗೂಡಿನ ಎದುರು ಪೂಜೆಗೆ ಕೂತರು. ಮುಗಿಸಿ ಕರಡಿಗೆಯನ್ನು ಕೊರಳಿಗೆ ಕಟ್ಟಿಕೊಂಡರು. ಕಟ್ಟಿಕೊಂಡೇ ಹನ್ನೊಂದು ಕಡುಬು ತಿಂದರು.

ಊರು ಹತ್ತಿರವಾದಾಗ, "ಅವ್ವನಿಗೆ ಹೇಳಿಬಿಡ್ತೀನಿ. ಮನಸ್ಸು ತಡೀತಿಲ್ಲ," ಎಂದರು.

"ಹೇಳಿದರೆ ಏನಾಗುತ್ತದೆ ಗೊತ್ತಲ್ಲ."

"ಗೊತ್ತು. ಆದ್ರೂ."

ಆ ಸಂಜೆ ಮಾವನವರು ಸರಕಿನ ವಿಚಾರ ಹಿಡಿದು ಕೂತದ್ದರಿಂದ ನನ್ನ ಗಂಡನಿಗೆ ಅತ್ತೆಯ ಹತ್ತಿರ ಮಾತೆತ್ತಲು ಹೊತ್ತು ಸಿಗಲಿಲ್ಲ.

ಮರುದಿನ ಬೆಳಿಗ್ಗೆ ಅತ್ತೆ ನಡುಮನೆಯಲ್ಲಿ ನೆನೆಸಿದ ಅವರೆಕಾಳಿನ ಸಿಪ್ಪೆ ಸುಲಿಯುತ್ತಿದ್ದರು. ನನ್ನ ಗಂಡ ಪೂಜೆ ಮುಗಿಸಿ ಬಂದು ಅವರ ಪಕ್ಕ ಕೂತರು. "ಅವ್ವಾ, ನಿನ್ನ ಹತ್ರ ಒಂದು ಮಾತು..."

ಕೇಳದೆ ನಾನು ಅತ್ತೆಯ ಮುಂದೆ ಎಂದೂ ಬಾಯಿ ತೆರೆದವಳಲ್ಲ. ಅಡುಗೆಮನೆಯಿಂದ ಹೊರಗೆ ಬಂದು, ಗಂಡನ ಎದುರಿಗೇ, ಹಾಡುಹಗಲಲ್ಲಿ ಹೇಳಿದೆ: "ಅತ್ತೆ, ಮುಂದಿನ ತಿಂಗಳು ಇವರು ಅತ್ತಿಗುಂಡಿ ಕಡೆ ಹೋಗ್ತಾರಂತೆ. ನಾನೂ ಹೋಗ್ತೀನಿ."

ಅತ್ತೆಯ ಕೈ ನಿಂತಿತು. ಮಗನನ್ನು ನೋಡಿದರು, ನನ್ನನ್ನು ನೋಡಿದರು. "ಈ ಸಲ ಎಲ್ಲ ಸರಿಯಾಗಿ ನಡೀತಾ?"

"ನೈವೇದ್ಯ ಒಂದು ಹೊತ್ತೂ ತಪ್ಪಲಿಲ್ಲ," ಎಂದೆ.

ನನ್ನ ಗಂಡ ನೆಲದ ಮೇಲಿನ ಸಿಪ್ಪೆಯನ್ನು ಒಂದೊಂದಾಗಿ ಹೆಕ್ಕತೊಡಗಿದರು.

"ಹೋಗಿ ಬಾ," ಎಂದರು ಅತ್ತೆ. ನಾನು ಒಳಗೆ ಹೋಗಿ ರೊಟ್ಟಿ ತಟ್ಟಲು ಕೂತೆ.