ತೊಂಬತ್ತು ಎಂದವರು ಯಾರು?

ಹಾಲಿನಲ್ಲಿ ಬೆರಳದ್ದಿ ನೋಡದೆ ನಾನು ಹಾಲು ಹಾಕಿಸಿಕೊಳ್ಳುವವನಲ್ಲ. ಬಸ್ಸು ಹತ್ತಿ ಟಿಕೆಟ್ ತೆಗೆಸಿದ ಮೇಲೂ ಪಕ್ಕದವರನ್ನು ‘ಇದು ಹುಕ್ಕೇರಿಗೇ ಹೋಗುತ್ತದಲ್ಲವೆ?’ ಎಂದು ಕೇಳುವವನು. ಸಂಶಯದ ಪ್ರಾಣಿ ಎಂದು ಮನೆಯಲ್ಲಿ ಎಲ್ಲರೂ ನಗುತ್ತಾರೆ. ನಗಲಿ. ಅಂಥ ನಾನೇ ಹೇಳುತ್ತಿದ್ದೇನೆ… ಇದು ನಡೆದದ್ದು. ಬೇರೆಯವರಿಂದ ಕೇಳಿದ ಕಥೆಯಲ್ಲ, ನನ್ನ ಎರಡು ಕಿವಿಗಳ ನಡುವೆ ನಡೆದದ್ದು.

ಐವತ್ತರ ದಶಕದ ಕೊನೆಯ ವರ್ಷಗಳು. ಗೋವಾ ಇನ್ನೂ ಪೋರ್ಚುಗೀಸರ ಕೈಯಲ್ಲಿತ್ತು. ಗೋಕಾಕಿನವನಾದ ನಾನು ಹತ್ತರಗಿಯ ಹೊರಗೆ, ಹೆದ್ದಾರಿಯಿಂದ ಒಳಕ್ಕೆ ಒಂದು ದಿಬ್ಬದ ಮೇಲಿದ್ದ ವೈರ್‌ಲೆಸ್ ಠಾಣೆಯಲ್ಲಿ ಆಪರೇಟರ್ ಆಗಿದ್ದೆ. ಠಾಣೆ ಎಂದರೆ ಎರಡು ಕೋಣೆ, ಒಂದು ಕಂಬ, ಅಷ್ಟೇ.

ನನ್ನ ಕೆಲಸ ವಿಮಾನಗಳಿಗೆ ದಿಕ್ಕು ಹೇಳುವುದು. ಮುಂಬೈಯಿಂದ ಬೆಳಗಾವಿಗೆ ಬರುವ ವಿಮಾನ ಮೋಡದಲ್ಲಿ ಸಿಕ್ಕಿಕೊಂಡರೆ ಪೈಲಟ್ ನಮ್ಮನ್ನು ಕರೆಯುತ್ತಿದ್ದ. ಅವನ ದನಿ ಯಾವ ಕಡೆಯಿಂದ ಬರುತ್ತಿದೆ ಎಂದು ಹಿಡಿದು, ಇಷ್ಟು ಡಿಗ್ರಿಗೆ ತಿರುಗಿದರೆ ನಮ್ಮ ತಲೆಯ ಮೇಲೆ ಬರುತ್ತೀರಿ ಎಂದು ನಾವು ಹೇಳಬೇಕು. ಅಲ್ಲಿಂದ ಮುಂದೆ ಬೆಳಗಾವಿ ಅವನಿಗೆ ಸುಲಭ.

ಎರಡು ಸಂಖ್ಯೆ ನೆನಪಿಡಿ, ಸಾಕು. ತೊಂಬತ್ತು ಎಂದರೆ ಪೂರ್ವಕ್ಕೆ ಬಾ ಎಂದು. ಇನ್ನೂರ ಎಪ್ಪತ್ತು ಎಂದರೆ ಪಶ್ಚಿಮಕ್ಕೆ. ನಮ್ಮ ಪೂರ್ವಕ್ಕೆ ಗೋಕಾಕಿನ ಬಯಲು. ಪಶ್ಚಿಮಕ್ಕೆ ದಡ್ಡಿ ಎಂಬ ಊರು, ಅದರ ಆಚೆ ಘಟ್ಟದ ಸಾಲು. ಮೋಡ ಮುಚ್ಚಿದ ರಾತ್ರಿ ಆ ಕಡೆ ತಪ್ಪಿ ಹೋದ ವಿಮಾನಕ್ಕೆ ಗುಡ್ಡ ಕಾಣುವುದೂ ಗುಡ್ಡಕ್ಕೆ ಬಡಿಯುವುದೂ ಒಟ್ಟಿಗೇ.

ಮೊದಲು ಈ ಕೆಲಸಕ್ಕೆ ಕೈಯಿಂದ ತಿರುಗಿಸುವ ಗಾಲಿ ಇತ್ತು. ತಿರುಗಿಸುತ್ತ, ಕಿವಿಗೊಟ್ಟು ಕೇಳುತ್ತ ದಿಕ್ಕು ಹಿಡಿಯಬೇಕು. ಆ ವರ್ಷ ಹೊಸ ಯಂತ್ರ ಬಂತು. ಊಟದ ತಟ್ಟೆಯಷ್ಟು ಅಗಲದ ದುಂಡು ಗಾಜು. ಯಾರಾದರೂ ರೇಡಿಯೋದಲ್ಲಿ ಬಾಯಿ ತೆರೆದರೆ ಸಾಕು, ಗಾಜಿನ ಮೇಲೆ ಹಸಿರು ಗೆರೆಯೊಂದು ಮೂಡಿ ಮಾತು ಬಂದ ಕಡೆಗೆ ತೋರಿಸುತ್ತಿತ್ತು. ಅದನ್ನು ಜೋಡಿಸಲು ಬಂದ ಎಂಜಿನಿಯರ್ ‘ಇನ್ನು ನೀವು ಕೈ ಕಟ್ಟಿ ಕೂಡ್ರಿ’ ಎಂದು ನಕ್ಕು ಹೋಗಿದ್ದ.

ನನಗೆ ಅವನ ಅವಸರವೇ ಹಿಡಿಸಿರಲಿಲ್ಲ. ಒಳಗಿನ ಎರಡು ತಂತಿ ಅದಲುಬದಲಾದರೆ ಗೆರೆ ಪೂರ್ತಿ ಉಲ್ಟಾ ತೋರಿಸುತ್ತದೆ ಎಂದು ಅವನೇ ಹೇಳಿದ್ದ. ಹಾಗಾದರೆ ಅವನು ಸರಿ ಜೋಡಿಸಿದ್ದಾನೆ ಎಂದು ಯಾವ ಧೈರ್ಯದ ಮೇಲೆ ನಂಬುವುದು? ಒಂದು ವಾರದಿಂದ ಅದು ಸರಿಯಾಗಿಯೇ ತೋರಿಸುತ್ತಿತ್ತು. ಆದರೂ ನನ್ನ ಅನುಮಾನ ಹೋಗಿರಲಿಲ್ಲ.

ಶ್ರಾವಣದ ಒಂದು ರಾತ್ರಿ. ಎಂಟು ಗಂಟೆ ದಾಟಿತ್ತು. ಮೂರು ದಿನದಿಂದ ಮೋಡ ದಿಬ್ಬದ ಮೇಲೇ ಕೂತಿತ್ತು. ಇಪ್ಪತ್ತು ಚಿಲ್ಲರೆ ಜನರನ್ನು ಹೊತ್ತ ಮುಂಬೈ ವಿಮಾನ ಬರುವ ಹೊತ್ತು. ಹಸಿ ಮಣ್ಣಿನ ವಾಸನೆ, ಡೀಸೆಲ್ ಹೊಗೆಯ ವಾಸನೆ. ಪಕ್ಕದ ಕೋಣೆಯಲ್ಲಿ ನಮಗೆ ಕರೆಂಟು ಕೊಡುವ ಎಂಜಿನ್ ದಡದಡ ಅನ್ನುತ್ತಿತ್ತು. ಅದನ್ನು ನೋಡಿಕೊಳ್ಳುವವರು ಕಲ್ಲೋಳಿಯ ಬಸಪ್ಪ ಕಾಕಾ. ಹಣೆತುಂಬ ವಿಭೂತಿ, ಬಾಯಿತುಂಬ ಎಲೆಯಡಿಕೆ. ಆ ರಾತ್ರಿ ದಿಬ್ಬದ ಮೇಲೆ ಇದ್ದದ್ದು ನಾವಿಬ್ಬರೇ.

ಹೆಡ್‌ಫೋನಿನಲ್ಲಿ ಬರೀ ಸುಯ್ಯೆನ್ನುವ ಸದ್ದು… ಆ ಸದ್ದಿನೊಳಗಿಂದ ಒಂದು ದನಿ.

"ಹತ್ತರಗೀ…"

ನಾನು ನೆಟ್ಟಗೆ ಕೂತೆ. ರೇಡಿಯೋದಲ್ಲಿ ನಮ್ಮದೆಲ್ಲ ಇಂಗ್ಲಿಷ್ ವ್ಯವಹಾರ. ಕನ್ನಡ ಅಲ್ಲಿಗೆ ಬರುವಂತೆಯೇ ಇರಲಿಲ್ಲ.

"ಹತ್ತರಗೀ… ದಿಕ್ಕ ಹೇಳ್ರಿ."

ಮುದುಕರ ದನಿ. ಗಾಬರಿ ಇಲ್ಲ, ಅವಸರವಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ನಿಂತು ದಾರಿ ಕೇಳಿದ ಹಾಗೆ. ಗಾಜಿನ ಮೇಲೆ ಹಸಿರು ಗೆರೆ ಮೂಡಿ ಸೀದಾ ಪೂರ್ವಕ್ಕೆ, ಗೋಕಾಕಿನ ಕಡೆಗೆ, ನಿಂತಿತು. ದನಿ ನಿಂತಿತು, ಗೆರೆಯೂ ಅಳಿಸಿತು.

ನನಗೆ ಮೊದಲು ಬಂದದ್ದು ಭಯವಲ್ಲ, ಸಿಟ್ಟು. ಎಂಜಿನ್ ಕೋಣೆಯಲ್ಲಿ ಪರೀಕ್ಷೆಗೆಂದು ಇಟ್ಟ ಸಣ್ಣ ವೈರ್‌ಲೆಸ್ ಸೆಟ್ ಒಂದಿತ್ತು. ಇದು ಕಾಕಾನದೇ ಕೆಲಸ ಎಂದು ಎದ್ದು ಹೋದೆ. ಕಾಕಾ ಗೋಡೆಗೊರಗಿ ಅಡಿಕೆ ಕತ್ತರಿಸುತ್ತ ಕೂತಿದ್ದರು. ಸೆಟ್ ಪೆಟ್ಟಿಗೆಯಲ್ಲೇ ಇತ್ತು, ಮುಚ್ಚಳದ ಮೇಲೆ ಧೂಳೂ ಅಳಿಸಿರಲಿಲ್ಲ.

"ಕಾಕಾ, ಇದನ್ನ ಮುಟ್ಟಿದ್ರೇನು?"

"ನಾ ಯಾಕ ಮುಟ್ಲಿರಿ ಸಾಹೇಬ್ರ? ಎಂಜಿನ್ ಒಂದ ಸಾಕಾಗೇತಿ ನನಗ. ಯಾಕ, ಏನಾತ್ರಿ?"

"ಯಾರೋ ಕನ್ನಡದಾಗ ಕರ್ಯಾಕತ್ತಾರ. ದಿಕ್ಕ ಹೇಳ್ರಿ ಅಂತಾರ."

ಕಾಕಾನ ಅಡಕತ್ತರಿ ನಿಂತಿತು. "ಎಷ್ಟ ಸಲ ಕರದ್ರು?"

"ಎರಡ ಸಲ."

"ಮತ್ತ ಓ ಅಂದಿರೇನು?"

"ಇಲ್ಲ."

"ಚಲೋ ಆತು. ರಾತ್ರಿ ಯಾರ ಕರದ್ರೂ ಮೂರ ಸಲ ಕರಿಯೂ ತನಾ ಓ ಅನಬ್ಯಾಡ್ರಿ. ಮನಶ್ಯಾ ಆದ್ರ ಮೂರನೇ ಸಲ ಕರದ ಕರೀತಾನ. ಬ್ಯಾರೇದ ಇದ್ರ ಎರಡಕ್ಕ ನಿಂದರತೈತಿ."

ನನ್ನ ಅವ್ವನೂ ಹೀಗೇ ಹೇಳುತ್ತಿದ್ದಳು. ಕಾಕಾನನ್ನು ಬೈದು ಒಳಗೆ ಬಂದೆ. ಆದರೂ ಕೂತವನು ಕಾದದ್ದು ಮೂರನೇ ಕರೆಗೇ. ಅದು ಬರಲಿಲ್ಲ.

ತಲೆ ಲೆಕ್ಕ ಹಾಕತೊಡಗಿತು. ಗಡಿಯಾಚೆ ಗೋವಾದಿಂದ ಯಾರಾದರೂ ಆಟ ಹೂಡಿದ್ದಾರೆಯೆ? ಕನ್ನಡ ಬಲ್ಲ ಕಳ್ಳಸಾಗಣೆಯವರೆ? ಹಾಗಾದರೆ ದನಿ ಪಶ್ಚಿಮದಿಂದ ಬರಬೇಕಿತ್ತು. ಗೆರೆ ತೋರಿಸಿದ್ದು ಪೂರ್ವಕ್ಕೆ. ಗೋಕಾಕಿನ ಆ ಬಯಲಿನಲ್ಲಿ ವೈರ್‌ಲೆಸ್ ಎಲ್ಲಿಂದ ಬರಬೇಕು? ಹೌದು… ಯಂತ್ರವೇ ಉಲ್ಟಾ! ಎಂಜಿನಿಯರ್ ತಂತಿ ತಪ್ಪಿಸಿದ್ದಾನೆ. ಒಂದು ವಾರದ ಸರಿ ಲೆಕ್ಕವನ್ನೆಲ್ಲ ಒಂದು ಕ್ಷಣದಲ್ಲಿ ಮರೆತೆ. ನನ್ನ ಸಂಶಯ ನಿಜವಾಯಿತಲ್ಲ ಎಂದು ಒಳಗೊಳಗೇ ಖುಷಿಯೂ ಆಯಿತು. ಆ ಖುಷಿಗೆ ಇವತ್ತಿಗೂ ನನಗೆ ನಾಚಿಕೆಯಿದೆ.

ಅಷ್ಟರಲ್ಲಿ ಮುಂಬೈ ವಿಮಾನದ ಪೈಲಟ್ ಇಂಗ್ಲಿಷಿನಲ್ಲಿ ಕರೆದ. ನಾನು ಮೈಕ್ ಮುಟ್ಟಲಿಲ್ಲ. ಇದೂ ಅದೇ ಆಟವೋ ಏನೋ! ಮತ್ತೆ ಕರೆದ. ಮೂರನೇ ಸಲ ಕರೆದಾಗ ಅವನ ದನಿ ಬಿಗಿದಿತ್ತು. ಗಾಳಿ ಜೋರಿದೆ, ದಾರಿ ತಪ್ಪಿರಬಹುದು, ಕೆಳಗೆ ಏನೂ ಕಾಣುತ್ತಿಲ್ಲ, ದಿಕ್ಕು ಬೇಕು ಎಂದ.

ಈಗ ಗೆರೆ ಪಶ್ಚಿಮಕ್ಕೆ ನಿಂತಿತ್ತು. ಯಂತ್ರವನ್ನು ನಂಬಿದರೆ ವಿಮಾನ ಘಟ್ಟದ ಕಡೆ ಇದೆ, ಅದಕ್ಕೆ ತೊಂಬತ್ತು ಎನ್ನಬೇಕು. ಆದರೆ ಯಂತ್ರ ಉಲ್ಟಾ ಅಲ್ಲವೆ? ಹಾಗಾದರೆ ಅವನು ಇರುವುದು ಗೋಕಾಕಿನ ಮೇಲೆ.

"ಟೂ ಸೆವೆನ್ ಝೀರೋ" ಎಂದೆ. ಇನ್ನೂರ ಎಪ್ಪತ್ತು. ಪಶ್ಚಿಮಕ್ಕೆ ಬಾ ಎಂದು.

ಅವನು ಅದನ್ನೇ ತಿರುಗಿ ಹೇಳಿ ಥ್ಯಾಂಕ್ಯೂ ಎಂದ.

ಅದೇ ಗಳಿಗೆಗೆ ಎಂಜಿನ್ ಕೆಮ್ಮಿತು… ನಿಂತಿತು. ಬಲ್ಬು ಆರಿತು. ಗಾಜಿನ ಮೇಲಿನ ಹಸಿರು ಸಣ್ಣ ಚುಕ್ಕೆಯಾಗಿ ಮಾಯವಾಯಿತು. ಹೆಡ್‌ಫೋನಿನ ಸುಯ್ಯೆನ್ನುವ ಸದ್ದೂ ಹೋಯಿತು. ಕತ್ತಲಲ್ಲಿ ನನ್ನ ಉಸಿರು ನನಗೇ ಕೇಳಿಸುತ್ತಿತ್ತು.

ಆ ಸತ್ತ ಹೆಡ್‌ಫೋನಿನಲ್ಲಿ…

"ಅದಲ್ರಿ. ಉಲ್ಟಾ ಹೇಳಿದ್ರಿ."

ಎಳನೀರಿನ ಹಾಗೆ ತಣ್ಣಗೆ, ತೀರಾ ಹತ್ತಿರದಿಂದ. ಹೆಡ್‌ಫೋನ್ ಕಿತ್ತೆಸೆದು ಹೊರಗೆ ಓಡಿದೆ. ಕಾಕಾ ಲಾಟೀನು ನೆಲಕ್ಕಿಟ್ಟು ಎಂಜಿನ್ನಿನ ಹ್ಯಾಂಡಲ್ ತಿರುವುತ್ತಿದ್ದರು. ಅಂಗಳದಲ್ಲಿ ನಿಂತು ಕಿವಿಗೊಟ್ಟೆ. ದೂರದಲ್ಲಿ ವಿಮಾನದ ಗುಂಯ್ ಸದ್ದು… ದಡ್ಡಿಯ ಕಡೆಯಿಂದ. ಪಶ್ಚಿಮದಿಂದ.

ಯಂತ್ರ ಸರಿಯಾಗಿಯೇ ಇತ್ತು. ತಪ್ಪಿದ್ದು ನಾನು.

ಸದ್ದು ಸಣ್ಣದಾಗುತ್ತ ಹೋಗುತ್ತಿತ್ತು. ಇಪ್ಪತ್ತು ಚಿಲ್ಲರೆ ಜನ. ನಾನೇ ಬಾಯಾರೆ ಹೇಳಿ ಅವರನ್ನು ಘಟ್ಟಕ್ಕೆ ಕಳಿಸಿದ್ದೆ. ತಿರುಗಿ ಕರೆಯಬೇಕೆಂದರೆ ಕರೆಂಟಿಲ್ಲ.

"ಕಾಕಾ, ಲಗೂ ಚಾಲೂ ಮಾಡ್ರಿ! ಮಂದಿ ಸಾಯ್ತಾರ!"

"ಮಾಡಾಕತ್ತೇನ್ರಿ! ಹಿಡೀವಲ್ದು!"

ಇಬ್ಬರೂ ಸೇರಿ ತಿರುವಿದೆವು. ಎಂಜಿನ್ ಕೆಮ್ಮುತ್ತಿತ್ತು, ಹತ್ತುತ್ತಿರಲಿಲ್ಲ. ನನ್ನ ಅಂಗೈ ಸುಲಿದು ಹ್ಯಾಂಡಲ್ ಜಾರತೊಡಗಿತು. ನಾನು ಅಳುತ್ತಿದ್ದೆ. ಹೇಳಲು ನಾಚಿಕೆಯಿಲ್ಲ, ಜೋರಾಗಿಯೇ ಅಳುತ್ತಿದ್ದೆ.

ಆಗ ಕಾಕಾ ತಟ್ಟನೆ ನನ್ನ ಮೊಣಕೈ ಹಿಡಿದರು.

"ಸಾಹೇಬ್ರ… ಒಳಗ ಯಾರ ಅದಾರ್ರಿ?"

"ಯಾರಿಲ್ಲ. ತಿರುವ್ರಿ!"

"ಅಲ್ರಿ… ಮಾತಾಡಾಕತ್ತಾರಲ್ರಿ."

ಇಬ್ಬರೂ ಹ್ಯಾಂಡಲ್ ಬಿಟ್ಟು ಕಿವಿಗೊಟ್ಟೆವು. ನಾನು ಬಿಟ್ಟು ಬಂದ ಕೋಣೆಯ ಬಾಗಿಲು ಕಪ್ಪಗೆ ತೆರೆದಿತ್ತು. ಒಳಗೆ ಯಾರೋ ಗೊಣಗಿದ ಹಾಗೆ ಸಣ್ಣ ಸದ್ದು. ಎರಡೇ ಮಾತು. ಮತ್ತೆ ಎರಡೇ ಮಾತು. ಏನೆಂದು ತಿಳಿಯಲಿಲ್ಲ. ಕಾಕಾ ‘ಬಸವಾ, ಬಸವಾ’ ಎನ್ನುತ್ತ ಕೊರಳಿನ ಲಿಂಗ ಹಿಡಿದುಕೊಂಡರು.

ಮತ್ತು ಆ ಗುಂಯ್ ಸದ್ದು… ಒಂದು ಕ್ಷಣ ಇದ್ದಲ್ಲೇ ಇದ್ದ ಹಾಗೆ ಅನ್ನಿಸಿತು. ಆಮೇಲೆ ದೊಡ್ಡದಾಗತೊಡಗಿತು. ದೊಡ್ಡದಾಗಿ, ಇನ್ನೂ ದೊಡ್ಡದಾಗಿ, ಪಶ್ಚಿಮದಿಂದ ಪೂರ್ವಕ್ಕೆ, ನಮ್ಮ ತಲೆಯ ಮೇಲೆಯೇ, ಹೆಂಚು ಗಡಗಡ ಅನ್ನುವಷ್ಟು ಕೆಳಗೆ ಹಾದು ಹೋಯಿತು. ವಿಮಾನ ಬೆಳಗಾವಿಯಲ್ಲಿ ಸುರಕ್ಷಿತವಾಗಿ ಇಳಿಯಿತೆಂದು ಗೊತ್ತಾದದ್ದು ಒಂದು ಗಂಟೆಯ ನಂತರ, ಎಂಜಿನ್ ಚಾಲೂ ಆದ ಮೇಲೆ.

ಮರುದಿನ ಮಧ್ಯಾಹ್ನ ಒಂದು ಜೀಪು ದಿಬ್ಬ ಹತ್ತಿ ಬಂತು. ಒಬ್ಬ ಅಧಿಕಾರಿ, ಜೊತೆಗೆ ಆ ಪೈಲಟ್. ಪೈಲಟ್ ನನ್ನ ಕೈ ಕುಲುಕಿ, ಒಳಗೆಲ್ಲ ಕಣ್ಣಾಡಿಸಿ, ಇನ್ನೊಬ್ಬ ಆಪರೇಟರ್ ಎಲ್ಲಿ ಎಂದು ಕೇಳಿದ. ಮೊದಲು ಇನ್ನೂರ ಎಪ್ಪತ್ತು ಎಂದವರು ಒಬ್ಬರು. ಆಮೇಲೆ ‘ನೈನ್ ಝೀರೋ, ನೈನ್ ಝೀರೋ’ ಎಂದು ತಿದ್ದಿದವರು ವಯಸ್ಸಾದವರು, ಸಾವಕಾಶ ಮಾತಿನವರು, ಅವರಿಗೆ ಕೈ ಮುಗಿಯಬೇಕೆಂದೇ ಬಂದೆ ಎಂದ.

ಅಧಿಕಾರಿ ನನ್ನ ಮುಖ ನೋಡಿದರು. "ಠಾಣೆಯಲ್ಲಿ ಒಬ್ಬರೇ ಆಪರೇಟರ್ ಅಲ್ಲವೆ? ತಿದ್ದಿದವರು ಯಾರು?"

ನಿಜ ಹೇಳಿದರೆ ನನ್ನ ತಪ್ಪು ದಿಕ್ಕೂ ಹೊರಬೀಳುತ್ತಿತ್ತು, ನೌಕರಿಯೂ ಹೋಗುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಕಾಕಾ ನೆಲ ನೋಡಿದರು.

"ನಾನೇ" ಎಂದೆ. "ತಪ್ಪಾಗಿತ್ತು, ತಕ್ಷಣ ತಿದ್ದಿದೆ."

ಪೈಲಟ್ ಒಂದು ಸಲ ‘ನೈನ್ ಝೀರೋ’ ಎನ್ನಿ ಎಂದ. ಅಂದೆ. ತಲೆ ಓರೆ ಮಾಡಿ ಕೇಳಿದ. ಟೊಪ್ಪಿಗೆ ಇಟ್ಟುಕೊಂಡು ಜೀಪಿನ ಕಡೆ ನಡೆದ. ತಿಂಗಳೊಳಗೆ ನನಗೆ ಇಲಾಖೆಯಿಂದ ಮೆಚ್ಚುಗೆಯ ಕಾಗದ ಬಂತು. ಸಮಯಪ್ರಜ್ಞೆ ಎಂದೆಲ್ಲ ಬರೆದಿದ್ದರು.

ಸಂಶಯದ ಪ್ರಾಣಿಯಾಗಿ ನಾನು ಕಾಕಾನನ್ನೂ ಬಿಟ್ಟಿಲ್ಲ. ಆದರೆ ಅವರಿಗೆ ಇಂಗ್ಲಿಷ್ ಬಾರದು, ಆ ಹೊತ್ತಿನಲ್ಲಿ ಅವರು ನನ್ನ ಮೊಣಕೈ ಹಿಡಿದು ನಿಂತಿದ್ದರು. ಬೇರೆ ಠಾಣೆಯವರು ಹೇಳಿರಬಹುದೆ? ವಿಚಾರಿಸಿದೆ, ಯಾರೂ ಹೇಳಿರಲಿಲ್ಲ. ಆ ದನಿ ಬಂದದ್ದು ಕಾಪಾಡಲೋ? ಹಾಗಾದರೆ ಮೊದಲು ಪೂರ್ವದಿಂದ ಕರೆದು ನನ್ನ ದಾರಿ ತಪ್ಪಿಸಿದ್ದೇಕೆ? ಎಷ್ಟು ಸಲ ಲೆಕ್ಕ ಹಾಕಿದರೂ ಹೊಂದುವುದಿಲ್ಲ.

ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಈಗ ಬರೆಯಲು ಕಾರಣವಿದೆ. ಹೋದ ವಾರ ಮೂಡಲಗಿಯಿಂದ ಮಗಳು ಫೋನ್ ಮಾಡಿದ್ದಳು. ದಡ್ಡಿಗೆ ಮದುವೆಗೆ ಹೊರಟಿದ್ದಳು, ಯಾವ ದಾರಿ ಹಿಡಿಯಬೇಕು ಎಂದು ಕೇಳಿದಳು. ಹೇಳಿದೆ.

"ಅಪ್ಪಾಜಿ, ಬಾಜೂಕ ಯಾರ ಕುಂತಾರ?"

"ಯಾರಿಲ್ಲಲ್ಲವಾ."

"ಮತ್ತ ಈ ಮುದುಕರ್ಯಾರು? ನೀವ ಒಂದ ದಾರಿ ಹೇಳ್ತೀರಿ, ನಿಮ್ಮ ಹಿಂದ ಅವರು ಬ್ಯಾರೇ ದಾರಿ ಹೇಳಾಕತ್ತಾರ. ನಾ ಯಾರದ ಕೇಳ್ಲಿ?"

ಮನೆಯವರೆಲ್ಲ ಸಂತೆಗೆ ಹೋಗಿದ್ದರು. ಹಿಂದೆ ತಿರುಗಿ ನೋಡುವ ಧೈರ್ಯ ನನಗೆ ಆಗಲಿಲ್ಲ.

"ಅವರದ ಕೇಳವಾ" ಎಂದು ಫೋನ್ ಇಟ್ಟುಬಿಟ್ಟೆ.