ಸೆಲ್ ಮುಗದಾವ

ತುಂಗತ್ತೆಯ ಬಲಗೈ ಎದೆಯ ಹತ್ತಿರ ಹೋಯಿತೆಂದರೆ ನಮ್ಮ ಮನೆಯಲ್ಲಿ ಯಾರದೋ ಮಾತು ಅಲ್ಲಿಗೆ ಮುಗಿಯಿತು ಎಂದೇ ಅರ್ಥ. ಸೆರಗಿನೊಳಗೆ ಟಿಕ್ ಎಂದು ಸಣ್ಣದೊಂದು ಸದ್ದಾಗುತ್ತಿತ್ತು. ಆಮೇಲೆ ಆಕೆ ಮುಖವನ್ನು ಕಿಟಕಿಯ ಕಡೆ ತಿರುಗಿಸಿ ಅವರೆಕಾಯಿ ಸುಲಿಯುತ್ತಲೋ ಅಕ್ಕಿ ಆರಿಸುತ್ತಲೋ ಕೂತುಬಿಡುವಳು. ಎದುರಿಗಿದ್ದವರು ಗಂಟಲು ಹರಿದುಕೊಂಡರೂ ಅಷ್ಟೇ. ಸ್ವಲ್ಪ ಹೊತ್ತಿನ ಮೇಲೆ ಯಾರಾದರೂ ಭುಜ ಅಲುಗಿಸಿದರೆ ಈಗಷ್ಟೇ ಎಚ್ಚರಾದವಳ ಹಾಗೆ ನೋಡಿ, "ಸೆಲ್ ಮುಗದಾವ" ಎನ್ನುವಳು. ಸೆಲ್ ಮುಗಿದಿರುತ್ತಿರಲಿಲ್ಲ. ಅದು ನಮಗೂ ಗೊತ್ತು, ನಮಗೆ ಗೊತ್ತಿದೆ ಎಂಬುದು ಆಕೆಗೂ ಗೊತ್ತು.

ತುಂಗತ್ತೆ ನನ್ನ ಅಪ್ಪನ ಅಕ್ಕ. ಗದಗಿನ ಕಡೆಯ ಹಳ್ಳಿಯಲ್ಲಿ ಹನ್ನೆರಡನೇ ವಯಸ್ಸಿಗೆ ಬಂದ ಜ್ವರ ಇಳಿಯುವಾಗ ಎರಡೂ ಕಿವಿಗಳನ್ನು ತೆಗೆದುಕೊಂಡು ಹೋಯಿತಂತೆ. ಮಾತು ಉಳಿಯಿತು, ಆದರೆ ಮದುವೆ ಆಗಲಿಲ್ಲ. ನೋಡಲು ಬಂದವರೆಲ್ಲ ಕಿವಿಯ ವಿಷಯ ತಿಳಿದ ಕೂಡಲೇ ಎದ್ದುಹೋದರು. ಅಪ್ಪನಿಗೆ ಬೆಂಗಳೂರಿನಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿ ಹೆಬ್ಬಾಳದಲ್ಲಿ ಬಾಡಿಗೆಗೆ ಮನೆ ಹಿಡಿದಾಗ ಆಕೆಯೂ ಜೊತೆಗೆ ಬಂದಳು. ನನಗೆ ಆರು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡಳು. ಅಲ್ಲಿಂದ ನನಗೆ ತಲೆ ಬಾಚಿದ್ದು, ಊಟಕ್ಕಿಟ್ಟದ್ದು, ಬೈದದ್ದು ಎಲ್ಲವೂ ತುಂಗತ್ತೆಯೇ.

ಆಕೆ ತುಟಿ ನೋಡಿಯೇ ಮಾತು ತಿಳಿಯುತ್ತಿದ್ದಳು. ಹಾಗಾಗಿ ನಮ್ಮಿಬ್ಬರ ನಡುವೆ ದನಿಯೇ ಇಲ್ಲದ ಮಾತೊಂದು ಬೆಳೆದಿತ್ತು. ಅಪ್ಪ ಊಟಕ್ಕೆ ಕೂತಿದ್ದಾಗ ಅವರ ಬೆನ್ನ ಹಿಂದೆ ನಿಂತು ನಾನು ಬರೀ ತುಟಿಯಾಡಿಸಿ "ಸಾರಿಗೆ ಉಪ್ಪು ಜಾಸ್ತಿ" ಎನ್ನುತ್ತಿದ್ದೆ. ಆಕೆಯೂ ತುಟಿಯಾಡಿಸಿ "ಸುಮ್ನ ಉಣ್ಣು" ಎನ್ನುತ್ತಿದ್ದಳು. ಅಪ್ಪನಿಗೆ ಏನೇನೂ ಗೊತ್ತಾಗುತ್ತಿರಲಿಲ್ಲ. ಇಬ್ಬರೂ ಯಾಕೆ ನಗುತ್ತೀರಿ ಎಂದು ಕೇಳಿ ಕೇಳಿ ಅವರಿಗೆ ಸಾಕಾಗಿತ್ತು.

ಎಪ್ಪತ್ತರ ದಶಕದ ಕೊನೆಯಲ್ಲಿ ನನಗೆ ಯಶವಂತಪುರದ ಕಡೆಯ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು. ರೇಡಿಯೋದೊಳಗಿನ ತಂತಿಗಳಿಗೆ ಬೆಸುಗೆ ಹಾಕುವ ಕೆಲಸ. ಬಿಸಿ ಸೀಸ ಸಿಡಿದು ಬೆರಳ ತುದಿಯಲ್ಲೆಲ್ಲ ಕಪ್ಪು ಚುಕ್ಕೆ. ಆದರೂ ಬೆಳಿಗ್ಗೆ ಬಸ್ಸು ಹತ್ತುವಾಗ ನನಗಾಗುತ್ತಿದ್ದ ಹಿಗ್ಗು ಹೇಳತೀರದು. ಮರುವರ್ಷವೇ ಅಪ್ಪ ಅತ್ತೆಯನ್ನು ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಮಿಷನ್ ಹಾಕಿಸಿಕೊಂಡು ಬಂದರು. ಎರಡು ಬೆಂಕಿಪೊಟ್ಟಣ ಜೋಡಿಸಿದಷ್ಟು ದೊಡ್ಡ ಪೆಟ್ಟಿಗೆ, ಒಳಗೆ ಸೆಲ್ಲು, ಮೇಲೊಂದು ಸ್ವಿಚ್ಚು, ಪೆಟ್ಟಿಗೆಯಿಂದ ಹೊರಟು ಕಿವಿಯವರೆಗೆ ಹೋಗುವ ಒಂದು ವೈರು. ಅತ್ತೆ ರವಿಕೆಯ ಒಳಗೆ ಅದಕ್ಕೆಂದೇ ಒಂದು ಜೇಬು ಹೊಲಿದುಕೊಂಡಳು.

ಮೊದಲ ದಿನವೇ ಜಕ್ಕೂರಿನ ಕಡೆಯಿಂದ ಸಣ್ಣ ವಿಮಾನವೊಂದು ನಮ್ಮ ಅಂಗಳದ ಮೇಲೆ ಹಾದುಹೋಯಿತು. ಅತ್ತೆ ಕೈಯಲ್ಲಿದ್ದ ಮೊರ ಕೆಳಗಿಟ್ಟು ಆಕಾಶ ನೋಡಿದಳು.

"ಅಯ್ಯ ಶಿವನ! ಇವು ಸದ್ದು ಮಾಡ್ತಾವೇನ ಸುಧಾ?"

ಅಷ್ಟು ವರ್ಷ ದಿನವೂ ವಿಮಾನ ನೋಡುತ್ತಿದ್ದ ಆಕೆ ಅವು ಹದ್ದುಗಳ ಹಾಗೆ ಸದ್ದಿಲ್ಲದೆ ತೇಲುತ್ತವೆ ಎಂದುಕೊಂಡಿದ್ದಳು. ನಾನು ನಕ್ಕುಬಿಟ್ಟೆ, ಆಕೆಯೂ ನಕ್ಕಳು, ಆಮೇಲೆ ಯಾಕೋ ಇಬ್ಬರ ಕಣ್ಣಲ್ಲೂ ನೀರು ಬಂತು. ಮನೆ ಮಾಲೀಕರ ಹೆಂಡತಿ ಮುನಿಯಮ್ಮ ಕಾಂಪೌಂಡಿನ ಮೇಲಿಂದ ಬಗ್ಗಿ, "ನಿಮ್ಮತ್ತೆ ಎದೇಲಿ ರೇಡ್ಯೋ ಇಟ್ಕಂಡವ್ರಂತೆ! ವಸಿ ಇಂಗೆ ತಿರುಗ್ಸಿ ಒಂದು ಆಡು ಆಕಮ್ಮ" ಎಂದದ್ದು ನಮ್ಮ ಬೀದಿಯಲ್ಲಿ ಬಹಳ ದಿನ ಓಡಾಡಿತು.

ಆದರೆ ಆ ಪೆಟ್ಟಿಗೆ ಬರೀ ವಿಮಾನವನ್ನು ಕೇಳಿಸಿ ಸುಮ್ಮನಾಗಲಿಲ್ಲ. ಸೆರಗು ಉಜ್ಜಿದರೆ ಗರಗರ, ಪಾತ್ರೆ ಬಿದ್ದರೆ ತಲೆಯೊಳಗೆ ಸಿಡಿಲು. ಹತ್ತಿರ ಹೋಗಿ ಅಪ್ಪಿಕೊಂಡರೆ ಕುಯ್ಯೋ ಎಂದು ಶಿಳ್ಳೆ ಹಾಕುತ್ತಿತ್ತು. ಅದನ್ನೆಲ್ಲ ಆಕೆ ಸಹಿಸಿಕೊಂಡಳು. ಮೂರನೆಯ ದಿನ ನಡುಮನೆಯಲ್ಲಿ ಅಪ್ಪ ಯಾರೋ ನೆಂಟರಿಗೆ, "ಅಕ್ಕನ್ನ ಎಲ್ಲಿ ಬಿಡೂದು ಹೇಳ್ರಿ, ನನ್ನ ಕೊರಳಿಗೆ ಬಿದ್ದಾಳ" ಎಂದರು. ಅಪ್ಪ ಕೆಟ್ಟವರಲ್ಲ. ಆಕೆ ಎದುರಿಗಿದ್ದಾಗಲೇ, ಮುಖ ಆಚೆ ತಿರುಗಿಸಿ ಇಂಥದ್ದನ್ನು ಹೇಳುವ ಅಭ್ಯಾಸ ಅವರಿಗಿತ್ತು, ಅಷ್ಟೇ. ಆವತ್ತು ಅಡುಗೆಮನೆಯಲ್ಲಿದ್ದ ಅತ್ತೆಯ ಕೈಯಲ್ಲಿನ ಸೌಟು ನಿಂತಿತು. ಆಮೇಲೆ ಕೈ ಎದೆಯ ಹತ್ತಿರ ಹೋಯಿತು, ಟಿಕ್.

ಸಂಜೆ ನನ್ನನ್ನು ಪಕ್ಕ ಕೂರಿಸಿಕೊಂಡು ಹೇಳಿದಳು: "ಕೇಳಿಸದಂಗ ಇರೂದು ಇಷ್ಟ ದಿನ ದೇವರ ಕೈಯಾಗಿತ್ತು. ಈಗ ನನ್ನ ಕೈಯಾಗ ಬಂತು ನೋಡು. ಈ ಮಿಷನ್ನಿನಿಂದ ಆದ ದೊಡ್ಡ ಉಪಕಾರ ಇದ."

ವೈರು ಮಾತ್ರ ಕತ್ತಿನ ಹತ್ತಿರ ಮಡಚಿ ಮಡಚಿ ಪದೇಪದೇ ಕಡಿದುಹೋಗುತ್ತಿತ್ತು. ಭಾನುವಾರ ನಾನು ಬೆಸುಗೆಯ ಕಡ್ಡಿ ಕಾಯಿಸಿಕೊಂಡು ಕೂತರೆ ಆಕೆ ಎದುರಿಗೆ ಕೂತು ನನ್ನ ಬೆರಳನ್ನೇ ನೋಡುತ್ತಿದ್ದಳು. ಜೋಡಿಸಿ ಕಿವಿಗೆ ಸಿಕ್ಕಿಸಿದ ಕೂಡಲೇ "ಹೂಂ, ಬಂತು ಬಂತು" ಎಂದು ಹಿಗ್ಗುತ್ತಿದ್ದಳು. "ನನ್ನ ಕಿವಿ ನಿನ್ನ ಕೈಯಾಗ ಅದ, ಜ್ವಾಕಿ" ಎನ್ನುತ್ತಿದ್ದಳು.

ಇಷ್ಟರಲ್ಲಿ ನನಗೊಂದು ಸಂಬಂಧ ಬಂತು. ಆರ್.ಟಿ. ನಗರದಲ್ಲಿ ಸ್ವಂತ ಮನೆ, ಒಳ್ಳೆಯ ಕೆಲಸ. ಮೂಲದಲ್ಲಿ ನಮ್ಮ ಕಡೆಯವರೇ, ಎರಡು ತಲೆಮಾರಿನಿಂದ ಬೆಂಗಳೂರಿನವರಾಗಿದ್ದರು. ಅಪ್ಪನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ನಾನು ಅತ್ತೆಗೆ ಒಂದೇ ಮಾತು ಹೇಳಿದ್ದೆ. ಹುಡುಗ ಹೇಗಾದರೂ ಇರಲಿ, ಕೆಲಸ ಬಿಡು ಅಂದರೆ ನಾನು ಒಲ್ಲೆ. ಆಕೆ, "ಅದನ್ನ ನಾ ನೋಡ್ಕೋತೀನಿ, ನೀ ಸುಮ್ನಿರು" ಎಂದಿದ್ದಳು. ಆ ಭರವಸೆಯ ಮೇಲೆಯೇ ನಾನು ಸೀರೆ ಉಟ್ಟದ್ದು.

ಅವರು ಬರುವ ದಿನ ಬೆಳಿಗ್ಗೆ ಅಪ್ಪ ಅತ್ತೆಯ ಎದುರು ಕೈ ಚಾಚಿ ನಿಂತರು.

"ಅಕ್ಕಾ, ಅದನ್ನ ಬಿಚ್ಚಿಕೊಡು."

"ಯಾಕ?"

"ಮನಿತನದಾಗ ಕಿವುಡು ಅದ ಅಂತ ತಿಳಕೋತಾರ. ನಾಳೆ ಹುಟ್ಟೂ ಕೂಸಿಗೂ ಬರ್ತದ ಅಂತಾರ. ಹೆಂಗೂ ನಿನಗ ತುಟಿ ನೋಡಿದ್ರ ತಿಳೀತದಲ್ಲ? ಒಂದ ತಾಸು."

ಜ್ವರದಿಂದ ಹೋದ ಕಿವಿ ಯಾರ ಕೂಸಿಗೆ ಬರುತ್ತದೆ, ಹೇಳಿ! ನನಗೆ ಮೈ ಉರಿದುಹೋಯಿತು. ಅತ್ತೆ ಬಿಚ್ಚಿಕೊಟ್ಟಳು. ಅಪ್ಪ ಅದನ್ನು ಅಕ್ಕಿ ಡಬ್ಬಿಯೊಳಗೆ ಹೂತು ಮುಚ್ಚಳ ಬಿಗಿದರು.

ಬಂದವರು ಮೂವರು: ಹುಡುಗ, ಅವನ ತಂದೆ, ತಾಯಿ. ನಾನು ಕಾಫಿ ಕೊಟ್ಟು ಅಡುಗೆಮನೆಯ ಬಾಗಿಲ ಹಿಂದೆ ನಿಂತೆ. ಮಾತೆಲ್ಲ ಆ ತಾಯಿಯದೇ. ದವಡೆಯಲ್ಲಿ ಎಲೆ ಅಡಿಕೆ ತುಂಬಿಕೊಂಡಿದ್ದರು, ಸಾಲದ್ದಕ್ಕೆ ಮಾತಿಗೊಮ್ಮೆ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದರು. ಅತ್ತೆಯ ಕಣ್ಣು ಆ ಬಾಯಿಯ ಮೇಲೆ ನೆಟ್ಟಿತ್ತು. ಈ ಬಾಯಿಯನ್ನು ಹೇಗೆ ಓದುತ್ತಾಳಪ್ಪ ಎಂದು ಬಾಗಿಲ ಸಂದಿಯಿಂದ ಇಣುಕಿದೆ. ಊರು ಯಾವುದು ಎಂದಾಗ ಸರಿಯಾಗಿ ಹೇಳಿದಳು. ಅಡುಗೆ ಬರುತ್ತದೆಯೇ ಎಂದಾಗಲೂ ತಪ್ಪಲಿಲ್ಲ. ಅಪ್ಪ ಕರವಸ್ತ್ರದಿಂದ ಹಣೆ ಒರೆಸಿಕೊಂಡರು. ಹುಡುಗ ಗೋಡೆಯ ಕ್ಯಾಲೆಂಡರನ್ನು ಓದುತ್ತಿದ್ದ.

ಆಮೇಲೆ ಆ ತಾಯಿ ಅತ್ತೆಯ ಕಡೆ ವಾಲಿ ಕೂತರು.

"ನೋಡಿ, ಹುಡ್ಗೀಗೆ ತಾಯಿ ಥರ ಇರೋರು ನೀವು. ಅದಕ್ಕೇ ನಿಮ್ಮ ಬಾಯಲ್ಲೇ ಕೇಳ್ಬೇಕು. ಸೊಸೆ ಆ ಫ್ಯಾಕ್ಟ್ರಿ ಗೀಕ್ಟ್ರಿ ಅಂತ ಹೋಗೋದು ನಮ್ಮನೇಲಿ ಸರಿ ಬರಲ್ಲ. ಮುಂದಿನ ತಿಂಗಳೇ ಬಿಡ್ಬೇಕು. ಆಗುತ್ತಾ?"

"ಆಗ್ಲಿ ರೀ" ಎಂದಳು ಅತ್ತೆ.

ನಾನು ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟೆ. ಆ ಕಾಲದಲ್ಲಿ ಹಿರಿಯರು ಹೂಂ ಅಂದರೆ ಮುಗಿಯಿತು, ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ದಾರಿಯೇ ಇರಲಿಲ್ಲ. ಆ ತಾಯಿಯ ಮುಖ ಅರಳಿತು. ಹುಡುಗನ ತಂದೆ ಪಂಚಾಂಗದ ಮಾತೆತ್ತಿದರು. ನಾನು ಬಾಗಿಲ ಸಂದಿಯಿಂದ ಮುಂದೆ ಬಂದು, ಅತ್ತೆ ಒಬ್ಬಳಿಗೇ ಕಾಣುವ ಹಾಗೆ ನಿಂತು, ತುಟಿಯಾಡಿಸಿದೆ. "ಬ್ಯಾಡತ್ತೆ. ಕೆಲಸ ಬಿಡಿಸ್ತಾರ. ಬ್ಯಾಡ."

ಆಕೆ ನೋಡಿದಳು. ನೋಡಿ ಮುಖ ತಿರುಗಿಸಿಕೊಂಡಳು.

ದೇವರೇ, ಆ ಕ್ಷಣ! ನಾನು ಮತ್ತೆ ತುಟಿಯಾಡಿಸಿದೆ. ಆಕೆ ನೆಲ ನೋಡುತ್ತಿದ್ದಳು. ಆಚೆ ವೈಶಾಖವೋ ಜ್ಯೇಷ್ಠವೋ ಎಂದು ಮಾತು ಸಾಗಿತ್ತು. ಕಡೆಗೆ ಅತ್ತೆ "ನೀರು ತರ್ತೀನ್ರಿ" ಎಂದು ಎದ್ದು ಒಳಗೆ ಬಂದಳು. ನನ್ನ ಮುಖ ನೋಡಲಿಲ್ಲ, ಕೈ ಹಿಡಿದು ಬೆರಳ ತುದಿಯ ಕಪ್ಪು ಚುಕ್ಕೆಗಳನ್ನು ನೋಡಿದಳು. ಆಮೇಲೆ ಅಕ್ಕಿ ಡಬ್ಬಿಯ ಮುಚ್ಚಳ ತೆಗೆದು ಮೊಣಕೈವರೆಗೆ ಕೈ ಇಳಿಸಿದಳು.

ಪೆಟ್ಟಿಗೆಯನ್ನು ರವಿಕೆಯೊಳಗೆ ಇಟ್ಟುಕೊಳ್ಳಲಿಲ್ಲ, ಎಲ್ಲರಿಗೂ ಕಾಣುವ ಹಾಗೆ ಸೆರಗಿನ ಮೇಲೆ ಸಿಕ್ಕಿಸಿಕೊಂಡಳು. ವೈರಿನಲ್ಲಿ ಒಂದೆರಡು ಅಕ್ಕಿಕಾಳು ಅಂಟಿಕೊಂಡಿದ್ದವು. ಆಕೆ ಹೊಸ್ತಿಲು ದಾಟುತ್ತಿದ್ದ ಹಾಗೆ ಮಿಷನ್ ಕುಯ್ಯೋ ಎಂದಿತು, ಮಾತೆಲ್ಲ ನಿಂತಿತು. ಅಪ್ಪ ಅರ್ಧ ಎದ್ದು, "ಅಕ್ಕಾ!" ಎಂದರು.

"ನಂಗ ಕಿವಿ ಕೇಳೂದಿಲ್ರಿ," ಎಂದಳು ಅತ್ತೆ. "ಸಣ್ಣಾಕಿ ಇದ್ದಾಗಿಂದ ಇಲ್ಲ. ನೀವು ಆಗ ಏನ ಕೇಳಿದ್ರಿ, ನಾ ಯಾವುದಕ್ಕ ಹೂಂ ಅಂದೆ, ನಂಗ ಗೊತ್ತಿಲ್ಲ. ಈಗ ಇನ್ನೊಮ್ಮೆ ಹೇಳ್ರಿ."

ಆ ತಾಯಿ ಬಾಯಿ ತೆರೆದುಕೊಂಡೇ ಪೆಟ್ಟಿಗೆ ನೋಡಿದರು. "ಕೆಲ್ಸ... ಕೆಲ್ಸ ಬಿಡ್ಬೇಕು ಅಂದೆ."

"ಹಂಗಾದ್ರ ಆಗೂದಿಲ್ರಿ. ತಪ್ಪು ತಿಳಕೋಬ್ಯಾಡ್ರಿ, ಕಿವುಡಿ ಅಂದದ್ದನ್ನ ಮಾತು ಅಂತ ಹಿಡೀಬ್ಯಾಡ್ರಿ."

"ಏನ್ರೀ ಇದು, ಇಂಥದ್ದನ್ನೆಲ್ಲ ಮುಚ್ಚಿಟ್ಟು ಹೆಣ್ಣು ತೋರಿಸ್ತೀರಾ?" ಎಂದು ಅವರು ಅಪ್ಪನ ಕಡೆ ತಿರುಗಿದರು. "ಇದು ವಂಶದಲ್ಲೇ ಇದೆಯೇನೋ, ಯಾರಿಗ್ ಗೊತ್ತು! ಏಳ್ರೀ, ಹೋಗೋಣ."

ಹೋದರು. ಲೋಟಗಳಲ್ಲಿ ಕಾಫಿ ಅರ್ಧರ್ಧ ಉಳಿದಿತ್ತು.

ಅಪ್ಪ ಬಾಗಿಲು ಹಾಕಿ ಬಂದವರು ಬಾಯಿಗೆ ಬಂದದ್ದನ್ನೆಲ್ಲ ಅಂದರು. ನಿನ್ನ ಬಾಳಂತೂ ಹೋಯಿತು, ಈಗ ಇವಳದ್ದನ್ನೂ ಹಾಳು ಮಾಡಿದಿ ಎಂದರು. ಕಿವುಡಿ ಎಂದು ಗೊತ್ತಿದ್ದೂ ನಿನ್ನನ್ನು ಮುಂದೆ ಕೂರಿಸಿದ ನನ್ನ ಬುದ್ಧಿಗೆ ಬೆಂಕಿ ಹಾಕಬೇಕು ಎಂದರು. ನಾನು ಅತ್ತೆಯ ಕೈಯನ್ನೇ ನೋಡುತ್ತಿದ್ದೆ, ಈಗ ಎದೆಗೆ ಹೋಗುತ್ತದೆ, ಈಗ ಟಿಕ್ ಎನ್ನುತ್ತದೆ ಎಂದು. ಆ ಕೈ ತೊಡೆಯ ಮೇಲಿಂದ ಏಳಲಿಲ್ಲ. ಅಷ್ಟನ್ನೂ ಆಕೆ ಕೇಳಿಸಿಕೊಂಡಳು, ಕಡೆಯ ಮಾತಿನವರೆಗೂ. ಯಾಕೆಂದು ಆಗ ನನಗೆ ತಿಳಿಯಲಿಲ್ಲ.

ಎರಡು ವರ್ಷ ನಮ್ಮ ಮನೆಗೆ ಒಂದು ಸಂಬಂಧವೂ ಬರಲಿಲ್ಲ. ಅಪ್ಪ ಅಕ್ಕನ ಜೊತೆ ಮುಖ ಕೊಟ್ಟು ಮಾತಾಡಿದ್ದು ಎಷ್ಟೋ ತಿಂಗಳ ಮೇಲೆ. ಕಡೆಗೆ ನನ್ನದೇ ಕಾರ್ಖಾನೆಯ ಸ್ಟೋರ್ಸ್‌ನಲ್ಲಿದ್ದ ಒಬ್ಬರು ತಾವಾಗಿ ಬಂದು ಹೆಣ್ಣು ಕೇಳಿದರು. ಅವರಿಗೆ ನನ್ನ ಕೆಲಸವೂ ಗೊತ್ತಿತ್ತು, ಅತ್ತೆಯ ಮಿಷನ್ನೂ ಗೊತ್ತಿತ್ತು. ಮದುವೆ ಚೆನ್ನಾಗಿಯೇ ಆಯಿತು. ಆದರೂ ಅಪ್ಪ ಆ ದಿನವನ್ನು ಮರೆಯಲಿಲ್ಲ. ನೆಂಟರು ಕೂಡಿದಾಗಲೆಲ್ಲ, "ನಮ್ಮಕ್ಕ ಕೇಳಿಸದ ಹೂಂ ಅಂದಾಕಿ, ಕೇಳಿಸಿಕೊಂಡು ಒಲ್ಲೆ ಅಂದಾಕಿ" ಎಂದು ನಗಿಸುತ್ತಿದ್ದರು. ಅತ್ತೆಯೂ ನಗುತ್ತಿದ್ದಳು. ಪಾಪ, ಕಿವಿ ಕೇಳದ್ದರಿಂದ ಆದ ಎಡವಟ್ಟು ಎಂದು ನಾನೂ ನಂಬಿದ್ದೆ.

ಕಡೆಯ ಸಲ ಆಕೆಯನ್ನು ಕಂಡದ್ದು ಆಸ್ಪತ್ರೆಯಲ್ಲಿ, ಶಿಫ್ಟು ಮುಗಿಸಿ ನೇರವಾಗಿ ಹೋಗಿದ್ದೆ. ಬ್ಯಾಗಿನಲ್ಲಿ ಹೊಸದಾಗಿ ಬೆಸುಗೆ ಹಾಕಿದ ವೈರಿತ್ತು. ಅಪ್ಪ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು ಅಕ್ಕನ ಕಾಲು ಒತ್ತುತ್ತಿದ್ದರು. ಅತ್ತೆ ಬಹಳ ಸಣ್ಣಗಾಗಿದ್ದಳು. ನಾನು ಪೆಟ್ಟಿಗೆಗೆ ವೈರು ಸಿಕ್ಕಿಸಿ ಕಿವಿಗೆ ಹಾಕಲು ಹೋದರೆ ಬೇಡವೆಂದು ತಲೆಯಾಡಿಸಿ, ನನ್ನ ಬೆರಳು ಹಿಡಿದುಕೊಂಡಳು. ಚುಕ್ಕೆಗಳ ಮೇಲೆ ಹೆಬ್ಬೆರಳು ಆಡಿಸಿದಳು. ಆಮೇಲೆ ತುಟಿಯಾಡಿಸಿದಳು. ಎಷ್ಟೋ ವರ್ಷವಾಗಿತ್ತು ನಾವು ಹಾಗೆ ಮಾತಾಡಿ.

"ಅವತ್ತು ನಂಗ ತಿಳದಿತ್ತು."

ನಾನು "ಯಾವತ್ತು?" ಎಂದೆ, ಬರೀ ತುಟಿಯಲ್ಲಿ.

"ಅಕಿ ಎಲಿ ಅಡಕಿ ಬಾಯಿ. ಎಲ್ಲಾ ತಿಳದಿತ್ತು. ತಿಳದ ಹೂಂ ಅಂದೆ. ನೀ ನನ್ನಂಗ ಒಬ್ಬಾಕಿ ಉಳೀಬಾರದು ಅಂತ."

ಅಪ್ಪ ಕಾಲು ಒತ್ತುತ್ತಲೇ ಇದ್ದರು.

"ನಿನಗ ಮಾತು ಕೊಟ್ಟು ಮುರದೆ. ಆಮ್ಯಾಲ ನಿನ್ನ ತುಟಿ ನೋಡಿದೆ, ತಡಕೊಳ್ಳಾಕ ಆಗಲಿಲ್ಲ. ಹೂಂ ಅಂದದ್ದನ್ನ ವಾಪಸ್ ತಗೊಳ್ಳಾಕ ಕಿವುಡಿಗೆ ಇನ್ನೇನ ದಾರಿ ಇತ್ತು? ನಿಮ್ಮಪ್ಪಗ ಹೇಳಬ್ಯಾಡ. ನಾನು ಕೇಳಿಸದ ಹೂಂ ಅಂದೆ ಅಂತನ ಇರ್ಲಿ."

ನನ್ನ ಕಣ್ಣು ತುಂಬಿ ಆಕೆಯ ತುಟಿ ಕಾಣದಾಯಿತು. ಏನೋ ಒಂದು ನಡೆಯುತ್ತಿದೆ ಎಂದು ಅಪ್ಪನಿಗೆ ಗೊತ್ತಾಯಿತು. ಇಬ್ಬರ ಮುಖವನ್ನೂ ನೋಡಿದರು.

"ಏನಂದಳು ಅಕ್ಕ? ಏನ ಬೇಕಂತ?"

ನಾನು ಪೆಟ್ಟಿಗೆಯನ್ನು ಅತ್ತೆಯ ದಿಂಬಿನ ಪಕ್ಕ ಇಟ್ಟೆ.

"ಸೆಲ್ ಮುಗದಾವಂತ" ಎಂದೆ.

ಅತ್ತೆ ಕಣ್ಣು ಮುಚ್ಚಿಕೊಂಡಳು, ತುಟಿಯ ತುದಿಯಲ್ಲಿ ನಗುವಿತ್ತು. ಅಪ್ಪ ಗಡಬಡಿಸಿ ಎದ್ದು, ಸ್ಟೂಲಿನ ಕೆಳಗಿದ್ದ ಚಪ್ಪಲಿ ಮೆಟ್ಟಿಕೊಂಡು, ಸೆಲ್ ತರಲು ಹೊರಟರು.